ಚಾರ್ಜ್ ಇಳಿಸಿದವರು ಯಾರು

ನಮ್ಮ ಮನೆಯಲ್ಲಿ ಯಾವುದೂ ತಾನಾಗಿ ಖಾಲಿಯಾಗುವುದಿಲ್ಲ. ಯಾರೋ ಖಾಲಿ ಮಾಡಿರುತ್ತಾರೆ. ಮದುವೆಯಾಗಿ ಬೆಟಗೇರಿಗೆ ಬಂದ ಮೊದಲ ವಾರವೇ ಇದನ್ನು ಕಂಡುಕೊಂಡೆ, ಇವತ್ತಿನವರೆಗೂ ಅದು ನಡೆದುಕೊಂಡೇ ಬಂದಿದೆ. ಗ್ಯಾಸ್ ಸಿಲಿಂಡರ್ ಎಷ್ಟು ದಿನ ಬಂತು, ಉಪ್ಪಿನಕಾಯಿ ಭರಣಿ ಯಾವ ವಾರ ಅರ್ಧಕ್ಕೆ ಇಳಿಯಿತು, ಹಾಲು ಯಾವತ್ತು ತೆಳ್ಳಗಿತ್ತು, ಎಲ್ಲಕ್ಕೂ ನನ್ನ ಹತ್ತಿರ ಒಂದೊಂದು ನೋಟ್‌ಬುಕ್ಕಿದೆ. ಪ್ರತಿ ರಟ್ಟಿನ ಮೇಲೂ ನನ್ನ ಹೆಸರು, ಹೆಸರಿನ ಜೊತೆಗೆ ಬಿ.ಎಸ್ಸಿ. ನಮ್ಮ ಓಣಿಯಲ್ಲಿ ಹೆಸರಿಗೆ ಅದನ್ನು ಸೇರಿಸಿಕೊಂಡ ಮೊದಲ ಸೊಸೆ ನಾನೇ. ಪುಟದಲ್ಲಿ ದಿನ, ಹೊತ್ತು, ಪ್ರಮಾಣ ಅಂತ ಕಾಲಂ ಹಾಕುತ್ತೇನೆ. ಕೊನೆಯ ಕಾಲಂ ಯಾವಾಗಲೂ ಒಂದೇ: ಅನುಮಾನ.

ಇತ್ತೀಚಿನ ನೋಟ್‌ಬುಕ್ಕು ನನ್ನ ಫೋನಿನ ಬ್ಯಾಟರಿಯದು.

ಯಾರಿಗೇನಾತು

ಲಕ್ಷ್ಮೇಶ್ವರದಲ್ಲಿರುವ ಮಗಳು ಒಂದು ಮಧ್ಯಾಹ್ನ ನನಗೆ ಹನ್ನೊಂದು ಸಲ ಫೋನ್ ಹಚ್ಚಿದಳು. ಚಾರ್ಜ್ ಇಲ್ಲದೆ ನನ್ನ ಫೋನು ಬಂದ್ ಬಿದ್ದಿತ್ತು. ಅವಳು ಗಾಬರಿಯಾಗಿ ಅಣ್ಣನಿಗೆ ಹೇಳಿದಳು, ಅಪ್ಪನಿಗೆ ಹೇಳಿದಳು, ಸಾಲದ್ದಕ್ಕೆ ಪಕ್ಕದ ಮನೆಯ ಹೊಲಿಗೆ ಚಾಚಿಗೂ ಹೇಳಿದಳು. ನಾನು ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗಹಾಕುತ್ತಿದ್ದೆ. ಕೆಳಗಿಳಿದು ಬಂದರೆ ಗದಗಿನ ಅಂಗಡಿ ಬಿಟ್ಟು ಬಂದ ಮಗ, ವಾಚನಾಲಯದಿಂದ ಓಡಿ ಬಂದ ನಮ್ಮ ಮನೆಯವರು, ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡ ಚಾಚಿ, ಮೂವರೂ ಪಡಸಾಲೆಯಲ್ಲಿ ಬೆವರುತ್ತ ನಿಂತಿದ್ದಾರೆ.

"ಯಾರಿಗೇನಾತು?" ಅಂದೆ.

"ನಿನಗ," ಅಂದ ಮಗ.

ಆಮೇಲೆ ಅವನು ತೀರ್ಪು ಕೊಟ್ಟ. "ಅವ್ವಾ, ನಿನ್ನ ಫೋನ್ ಮುದುಕ ಆಗೇತಿ. ಬರೋ ತಿಂಗಳ ಮೊದಲ ರವಿವಾರ ನೋಡ್ತೀನಿ. ಆವಾಗೂ ಹಿಂಗ ಚಾರ್ಜ್ ಇಳಿಯಾಕತ್ತಿದ್ರ ನಿನಗ ಬಟನ್ ಫೋನ್. ವಾರಗಟ್ಟಲೆ ಬಾಳತೈತಿ."

ಬಟನ್ ಫೋನ್ ಅಂದರೆ ಏನು ಅಂತ ನಮ್ಮ ಓಣಿಯ ಹೆಂಗಸರಿಗೆ ಗೊತ್ತು. ಎದುರುಮನೆಯ ಹಿರಿಯ ಅತ್ತೆಗೆ ಮೊದಲು ಬಟನ್ ಫೋನ್ ಬಂತು. ತಿಂಗಳೊಳಗೆ ತಿಜೋರಿಯ ಕೀಲಿ ಸೊಸೆಯ ಸೊಂಟಕ್ಕೆ ಹೋಯಿತು. ಈಗ ಅವರು ಅವಲಕ್ಕಿಗೆ ಉಪ್ಪು ಎಷ್ಟು ಅಂತ ಕೇಳಿ ಹಾಕುತ್ತಾರೆ. ನಾನು ಆ ದಾರಿ ಹಿಡಿಯುವವಳಲ್ಲ. ಅವತ್ತೇ ನೋಟ್‌ಬುಕ್ ತೆಗೆದೆ.

ದಿನಕ್ಕೆ ಮೂರು ಹೊತ್ತು ಬರೆಯುವುದು: ಬೆಳಿಗ್ಗೆ ಆರು, ಮಧ್ಯಾಹ್ನ ಊಟವಾದ ಮೇಲೆ, ಸಂಜೆ ನಾಲ್ಕು. ನೋಟ್‌ಬುಕ್ಕನ್ನು ಯಾರೂ ತಿದ್ದಬಾರದು ಅಂತ ಒಳಕೋಣೆಯ ಟ್ರಂಕಿನಲ್ಲಿ, ನನ್ನ ಪದವಿ ಪ್ರಮಾಣಪತ್ರದ ಪಕ್ಕದಲ್ಲಿ ಇಟ್ಟೆ. ಆ ಕೋಣೆಗೆ ಕಿಟಕಿ ಇಲ್ಲ. ದೀಪ ಹಚ್ಚಿದರೆ ನಾನು ಬರೆಯುವುದು ಮನೆಮಂದಿಗೆಲ್ಲ ತಿಳಿಯುತ್ತದೆ. ಆದ್ದರಿಂದ ಫೋನಿನ ಬೆಳಕಿನಲ್ಲೇ ಬರೆದು ಮುಗಿಸುತ್ತಿದ್ದೆ. ಮಧ್ಯಾಹ್ನ ನಾನು ಅಡ್ಡಾಗುವ ಹೊತ್ತಿಗೆ ಯಾರೂ ಮುಟ್ಟದಿರಲಿ ಅಂತ ಫೋನನ್ನೂ ನೋಟ್‌ಬುಕ್ಕಿನ ಮೇಲಿಟ್ಟು ಕೀಲಿ ಹಾಕುತ್ತಿದ್ದೆ.

ಒಂದು ವಾರದಲ್ಲೇ ಕಂಡದ್ದು ಇದು: ಬೆಳಿಗ್ಗೆಯಿಂದ ಊಟದ ತನಕ ಚಾರ್ಜ್ ಸ್ವಲ್ಪವೇ ಇಳಿಯುತ್ತದೆ. ಊಟದಿಂದ ನಾಲ್ಕರ ತನಕ ಎಂಬತ್ತೈದು ಇದ್ದದ್ದು ಹದಿನಾಲ್ಕು. ಅದೂ ಕೀಲಿ ಹಾಕಿದ ಟ್ರಂಕಿನೊಳಗೆ.

ಮೊದಲು ಸೊಸೆಯನ್ನು ಕೇಳಿದೆ. "ನನ್ನ ಫೋನ್ ಮುಟ್ಟೀಯೇನು?"

"ನನ್ನ ಫೋನ್ ಮುಟ್ಟಾಕ ನನಗ ಪುರಸೊತ್ತಿಲ್ರಿ ಅತ್ತಿ," ಅಂದಳು.

ಕೊನೆಯ ಕಾಲಮಿನಲ್ಲಿ ಬರೆದೆ: ಸೊಸೆ. ಉತ್ತರ ಬಹಳ ಜಲ್ದಿ ಬಂತು.

ದಾರಿ ಬಲ್ಲ ಫೋನು

ಬಜಾರದ ಮೊಬೈಲ್ ಅಂಗಡಿಯವನಿಗೆ ತೋರಿಸಿದೆ. ಅವನು ಫೋನು ತಿರುಗಿಸಿ ಮುರುಗಿಸಿ ನೋಡಿ, "ಅಮ್ಮಾರ, ಬ್ಯಾಟರಿ ಚಲೋ ಐತ್ರಿ. ಸೆಟ್ಟಿಂಗ್ ಬರೋಬ್ಬರಿ ಇಲ್ಲ," ಅಂದ. ಹೊಸ ಬ್ಯಾಟರಿ ಮಾರುವುದನ್ನು ಬಿಟ್ಟು ಹಳೆಯದು ಚಲೋ ಐತಿ ಅನ್ನುವ ಅಂಗಡಿಯವನು. ಅವನ ಮೇಲೂ ಒಂದು ಸಾಲು ಬರೆದುಕೊಂಡೆ.

ಅವನು ಹೇಳಿದ್ದು ನಾಲ್ಕು: ಪರದೆಯ ಬೆಳಕು ಕಡಿಮೆ ಮಾಡಬೇಕು. ಬೇಡದಾಗ ಲೊಕೇಶನ್ ಆರಿಸಬೇಕು. ಬ್ಯಾಟರಿ ಉಳಿಸುವ ಬಟನ್ ಒತ್ತಬೇಕು. ಇಡುವಾಗ ಫೋನನ್ನು ಬೋರಲು ಇಡಬೇಕು, ಇಲ್ಲದಿದ್ದರೆ ಮೆಸೇಜ್ ಬಂದಾಗಲೆಲ್ಲ ಪರದೆ ಹತ್ತಿಕೊಳ್ಳುತ್ತದೆ.

"ಲೊಕೇಶನ್ ಅಂದ್ರ?"

"ನೀವು ಎಲ್ಲಿ ಹೋಗ್ತೀರಿ ಅನ್ನೋದು ಫೋನಿಗೆ ಗೊತ್ತಾಗತೈತ್ರಿ."

"ನಾ ಎಲ್ಲಿ ಹೋಗ್ತೀನಿ? ಮಠಕ್ಕ ಪುರಾಣ ಕೇಳಾಕ ಹೋಗ್ತೀನಿ. ಗೊತ್ತಾಗಲಿ ಬಿಡು," ಅಂದು ಅದೊಂದನ್ನು ಹಾಗೇ ಬಿಟ್ಟು ಬಂದೆ.

ಮರುದಿನ ಸೊಸೆ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿದ್ದ ನನ್ನ ಫೋನು ಟಿಂಗ್ ಅಂತು. ನನ್ನ ಕನ್ನಡಕ ಪಡಸಾಲೆಯಲ್ಲಿತ್ತು. "ಓದಿ ಹೇಳು," ಅಂದೆ. ಅವಳು ಬಗ್ಗಿ, ಗಟ್ಟಿಯಾಗಿ, ನಮ್ಮ ಮನೆಯವರಿಗೂ ಕೇಳುವ ಹಾಗೆ ಓದಿದಳು:

"ನೀವು ನಿನ್ನೆ ಸಂಜೆ ಭೇಟಿ ಕೊಟ್ಟ ಮಿರ್ಚಿ ಭಜಿ ಅಂಗಡಿ ಹೇಗಿತ್ತು? ಈ ವಾರ ಇದು ನಿಮ್ಮ ಮೂರನೇ ಭೇಟಿ."

ಪಡಸಾಲೆಯಿಂದ ನಮ್ಮ ಮನೆಯವರು ಕೇಳಿದರು, "ಪುರಾಣ ಖಾರ ಇತ್ತೇನು?"

ಅವತ್ತೇ ಲೊಕೇಶನ್ ಆರಿಸಿದೆ. ಬ್ಯಾಟರಿ ಉಳಿಸಲಿಕ್ಕೆ ಅಂತಲೇ ನೋಟ್‌ಬುಕ್ಕಿನಲ್ಲಿ ದಾಖಲಾಗಿದೆ.

ಶಿರಹಟ್ಟಿ ಬಸ್ಸು

ಬೆಳಕು ಕಡಿಮೆ ಮಾಡಬೇಕು ಅಂದರೆ ನಾನು ಅರ್ಧಮರ್ಧ ಮಾಡುವವಳಲ್ಲ, ಪೂರಾ ಇಳಿಸಿದೆ. ಮನೆಯೊಳಗೆ ಕಾಣುತ್ತಿತ್ತು. ಶಿರಹಟ್ಟಿಗೆ ತೊಟ್ಟಿಲ ಕಾರ್ಯಕ್ಕೆ ಹೊರಟಾಗ ಬಸ್ಸಿನ ಕಿಟಕಿಯ ಬಿಸಿಲಿಗೆ ಫೋನು ಕರೀ ಹಂಚಿನ ಹಾಗಾಯಿತು. ಚಾರ್ಜ್ ಎಷ್ಟಿದೆ ಅಂತ ನೋಡಲೇಬೇಕಿತ್ತು. ಸೆರಗನ್ನು ತಲೆಯ ಮೇಲೆ ಮುಂದಕ್ಕೆ ಎಳೆದುಕೊಂಡು, ಫೋನನ್ನು ಒಳಗೆ ಹಿಡಿದು, ಬಗ್ಗಿ ಕೂತೆ. ಅರವತ್ತೊಂದು. ನಿಟ್ಟುಸಿರು ಬಿಟ್ಟೆ. ಸ್ವಲ್ಪ ಹೊತ್ತಿಗೆ ಮತ್ತೆ ಬಗ್ಗಿದೆ. ಐವತ್ತೊಂಬತ್ತು. ಇನ್ನೊಂದು ನಿಟ್ಟುಸಿರು.

ಪಕ್ಕದಲ್ಲಿದ್ದ ಹೆಂಗಸು ಬೆನ್ನ ಮೇಲೆ ಕೈಯಿಟ್ಟು, "ಸಮಾಧಾನ ಮಾಡ್ಕೋರಿ. ಹೋದವರು ಬರಂಗಿಲ್ಲ," ಅಂದಳು. ನಾನು ಸೆರಗು ಸರಿಸುವಷ್ಟರಲ್ಲಿ ಮುಂದಿನ ಸೀಟಿನವರು ಡ್ರೈವರನಿಗೆ ಹೇಳಿ ಹಾಡು ಬಂದ್ ಮಾಡಿಸಿದ್ದರು. ಯಾರೋ ನೀರಿನ ಬಾಟಲಿ ಕೊಟ್ಟರು. ಇಡೀ ಬಸ್ಸು ಅಷ್ಟು ಮರ್ಯಾದೆಯಿಂದ ಸುಮ್ಮನೆ ಕೂತಿರುವಾಗ, ನಾನು ನೋಡುತ್ತಿದ್ದದ್ದು ಬ್ಯಾಟರಿ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ನೀರು ಕುಡಿದು ಮತ್ತೆ ಸೆರಗು ಎಳೆದುಕೊಂಡೆ.

ತೊಟ್ಟಿಲ ಮನೆಯಲ್ಲಿ ಊಟಕ್ಕೆ ಕೂತಾಗ ಎದುರಿನ ಪಂಕ್ತಿಯಲ್ಲಿ ಅದೇ ಹೆಂಗಸು. ಆಕೆಯೂ ಅದೇ ಕಾರ್ಯಕ್ಕೆ ಬಂದಿದ್ದಳು. ನನ್ನ ಎಲೆಗೆ ಮೂರನೇ ಹೋಳಿಗೆ ಬೀಳುವುದನ್ನು ನೋಡುತ್ತ ಅಂದಳು:

"ಲಗೂನ ಮರ್ತ್ರಿ ನೋಡ್ರಿ."

ಮುಂಡರಗಿಯ ಗುಟ್ಟು

ಮುಂಡರಗಿಯ ನನ್ನ ತಂಗಿಯ ಫೋನು ನನ್ನದರ ಜೋಡಿ. ಒಂದೇ ದಿನ, ಒಂದೇ ಅಂಗಡಿಯಲ್ಲಿ ತಂದದ್ದು. ಅವಳದು ಎರಡು ದಿನ ಬಾಳುತ್ತದೆ ಅಂತ ಹೋದಲ್ಲೆಲ್ಲ ಹೇಳಿಕೊಂಡು ತಿರುಗುತ್ತಾಳೆ. ಅವಳು ಕಾಲೇಜು ಮೆಟ್ಟಿಲು ಹತ್ತಿದವಳಲ್ಲ. ನನಗೆ ತಿಳಿಯದ ಸೆಟ್ಟಿಂಗು ಅವಳಿಗೆ ತಿಳಿಯಿತು ಅಂದರೆ ನಂಬುವುದು ಹೇಗೆ? ನೋಟ್‌ಬುಕ್ ಹಿಡಿದು ಮುಂಡರಗಿಗೇ ಹೋದೆ.

ಅವಳ ಫೋನು ಗೂಡಿನಲ್ಲಿತ್ತು. ನೋಡಿದೆ, ತೊಂಬತ್ತಾರು. ಮೇಲೆ ಪುಟ್ಟದೊಂದು ವಿಮಾನದ ಚಿತ್ರ.

"ಇದೇನು?"

"ಅದ ಗುಟ್ಟು ಯಕ್ಕಾ. ಆ ವಿಮಾನ ಒತ್ತಿಬಿಟ್ರ ಚಾರ್ಜ್ ಇಳಿಯಂಗ ಇಲ್ಲ. ನಾ ಮಾತಾಡೂದಿದ್ದಾಗ ತೆಗೀತೀನಿ, ಆದಕೂಡಲೇ ಮತ್ತ ಒತ್ತತೀನಿ."

"ಮತ್ತ ನಿನಗ ಯಾರರ ಫೋನ್ ಹಚ್ಚಿದ್ರ?"

"ಇಲ್ಲಿತನಕ ಯಾರೂ ಹಚ್ಚಿಲ್ಲ," ಅಂದಳು, ಮುಖ ಸಣ್ಣ ಮಾಡಿಕೊಂಡು. "ಅದ ಬ್ಯಾಸರ ನನಗ. ನಾನ ಹಚ್ಚಬೇಕು ಎಲ್ಲಾರಿಗೂ."

ಮುಂಡರಗಿಯ ಕಡೆ ಟವರ್ ಸರಿಯಿಲ್ಲ, ಅದಕ್ಕೇ ಅವಳ ಫೋನು ಹತ್ತುವುದಿಲ್ಲ ಅಂತ ನಾವೆಲ್ಲ ಎರಡು ವರ್ಷದಿಂದ ಆ ಟವರನ್ನು ಬೈಯುತ್ತಿದ್ದೆವು.

ಲಕ್ಷ್ಮೇಶ್ವರದ ಮೌನ

ಬ್ಯಾಟರಿ ಉಳಿಸುವ ಬಟನ್ ಒತ್ತಿದ ಮೇಲೆ ಮಗಳ ಮೆಸೇಜ್ ಬರುವುದು ನಿಂತಿತು. ದಿನಕ್ಕೆ ಹತ್ತು ಹಾಕುವವಳು, ಮೂರು ದಿನ ಒಂದೂ ಇಲ್ಲ. ಯಾವುದೋ ಮಾತಿಗೆ ಮುನಿಸಿಕೊಂಡಿದ್ದಾಳೆ ಅಂತ ಅನುಮಾನ ಬಂತು. ತಾಯಿಯಾಗಿ ನಾನೇ ಮೊದಲು ಮಾತಾಡಿಸುವುದೇ? ನಾಲ್ಕನೆಯ ದಿನ ತಡೆಯದೆ, ಯಾರಿಗೂ ಹೇಳದೆ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ.

ಅವಳ ಮನೆಗೆ ಕೀಲಿ ಹಾಕಿತ್ತು. ಕಟ್ಟೆಯ ಮೇಲೆ ಕೂತು ಮೆಸೇಜು ಬರುವ ಆ್ಯಪನ್ನೇ ತೆರೆದೆ. ಮೂರು ದಿನದ್ದು ಒಮ್ಮೆಲೇ ಬಂದು ಬಿದ್ದವು. "ಅವ್ವಾ, ಯಾಕ ಉತ್ತರ ಇಲ್ಲ?" "ಅವ್ವಾ, ಸಿಟ್ಟೇನು? ಹಂಗಿದ್ರ ನಾನೂ ಫೋನ್ ಹಚ್ಚಂಗಿಲ್ಲ." "ನಾನ ಬರ್ತೀನಿ." "ಬಸ್ ಹತ್ತಿದೆ." "ನಿಮ್ಮ ಮನ್ಯಾಗ ಕುಂತೀನಿ, ನೀ ಎಲ್ಲಿ ಹೋಗಿ?"

ಅಮೆರಿಕೆಯ ದಾರಿಯೇನಲ್ಲ, ಒಂದೂವರೆ ತಾಸಿನ ದಾರಿಯಲ್ಲಿ ತಾಯಿ ಮಗಳು ಎದುರುಬದುರು ಬಸ್ಸಿನಲ್ಲಿ ಹಾದುಹೋಗಿದ್ದೆವು. ಕಟ್ಟೆಯ ಮೇಲೇ ನೋಟ್‌ಬುಕ್ ತೆಗೆದು ಬರೆದೆ: ಉಳಿದ ಚಾರ್ಜ್ ಎಂಬತ್ತೆರಡು. ಬಟನ್ ಬಹಳ ಚಲೋ ಕೆಲಸ ಮಾಡುತ್ತದೆ.

ಪಂಚರ ಮುಂದೆ

ಇಷ್ಟೆಲ್ಲ ಮಾಡಿದರೂ ನಾನು ಮನೆಯಲ್ಲಿದ್ದ ದಿನ ಊಟದಿಂದ ನಾಲ್ಕರ ತನಕ ಆಗುವ ಇಳಿತ ಮಾತ್ರ ನಿಲ್ಲಲಿಲ್ಲ. ಮಗ ಹೇಳಿದ ರವಿವಾರ ಬಂತು. ಬೆಳಿಗ್ಗೆಯೇ ಅವನು ಬಟನ್ ಫೋನಿನ ಪೆಟ್ಟಿಗೆ ತಂದು ಟೀಪಾಯಿಯ ಮೇಲಿಟ್ಟ. ನನ್ನ ಸೊಂಟದ ಕೀಲಿ ಗೊಂಚಲಿನ ಕಡೆಗೆ ಕೈ ತಾನಾಗಿ ಹೋಯಿತು.

"ತಡಿ," ಅಂದೆ. "ಈ ಮನ್ಯಾಗ ಯಾರೋ ನನ್ನ ಟ್ರಂಕ್ ತೆಗೀತಾರ. ಇವತ್ತ ಪಂಚರ ಮುಂದ ತೋರಸ್ತೀನಿ."

ಸಾಕ್ಷಿ ನಿಲ್ಲುವ ಪಂಚರೆಂದು ಹೊಲಿಗೆ ಚಾಚಿಯನ್ನು ಕರೆದೆ. ಎಲ್ಲರನ್ನೂ ಪಡಸಾಲೆಯಲ್ಲಿ ಕೂಡಿಸಿ ಫೋನು ತೋರಿಸಿದೆ: ನೂರು. ಒಳಕೋಣೆಗೆ ಒಬ್ಬಳೇ ಹೋಗಿ ಅದನ್ನು ಬರೆದುಕೊಂಡೆ. ಈ ಸಲ ನೋಟ್‌ಬುಕ್ಕು ಪುರಾವೆಗೆ ಹೊರಗೆ ಬೇಕಿತ್ತು. ಆದ್ದರಿಂದ ಫೋನೊಂದನ್ನೇ, ಅಂಗಡಿಯವನು ಹೇಳಿದ್ದು ಅವತ್ತೇ ಮೊದಲ ಸಲ ನೆನಪಾಗಿ ಬೋರಲಾಗಿ, ಟ್ರಂಕಿನಲ್ಲಿಟ್ಟು ಕೀಲಿ ಹಾಕಿದೆ. ಚಾಚಿ ಬಂದು ಕೋಣೆಯ ದೀಪ ಹಚ್ಚಿ, ಟ್ರಂಕಿಗೆ ಸುತ್ತಲೂ ಹೊಲಿಗೆ ದಾರ ಬಿಗಿದು, ದೀಪ ಆರಿಸಿ, "ಈ ಗಂಟು ನನ್ನ ಬಿಟ್ಟು ಯಾರಿಗೂ ಬಿಚ್ಚಾಕ ಬರಂಗಿಲ್ಲ," ಅಂದಳು. ನಂತರ ಐವರೂ ಪಡಸಾಲೆಯಲ್ಲಿ ಒಬ್ಬರನ್ನೊಬ್ಬರು ಕಾಯುತ್ತ ಕೂತೆವು. ನಾನು ಹೆಚ್ಚಾಗಿ ಸೊಸೆಯನ್ನೇ ಕಾಯುತ್ತಿದ್ದೆ. ಅವಳು ಅಲ್ಲಿಂದ ಏಳದೆ ಒಂದು ಬುಟ್ಟಿ ಅವರೆಕಾಯಿ ಬಿಡಿಸಿ ಮುಗಿಸಿದಳು.

ಎರಡು ತಾಸಾಗಿರಬೇಕು. ಚಾಚಿ ಕತ್ತು ಉದ್ದ ಮಾಡಿ ಒಳಕೋಣೆಯ ಕತ್ತಲೆಯನ್ನು ನೋಡಿದಳು.

"ಯಕ್ಕಾ, ಟ್ರಂಕಿನ್ಯಾಗ ದೀಪಾ ಹಚ್ಚಿಟ್ಟೀರೇನು?"

ಎಲ್ಲರೂ ಎದ್ದು ಬಾಗಿಲಲ್ಲಿ ನಿಂತೆವು. ಟ್ರಂಕಿನ ಮುಚ್ಚಳದ ಸಂದಿಯಿಂದ ಬೆಳ್ಳಗೆ ಒಂದು ಗೆರೆ ಬೆಳಕು ಹೊರಬಿದ್ದು ಗೋಡೆಯವರೆಗೂ ಹೋಗಿತ್ತು. ನಮ್ಮ ಮನೆಯವರು ಕನ್ನಡಕ ಒರೆಸಿ ಹಾಕಿಕೊಂಡು, ಬಹಳ ಗಂಭೀರವಾಗಿ ಅಂದರು:

"ಅದರಾಗ ಇಕಿ ಡಿಗ್ರಿ ಸರ್ಟಿಫಿಕೇಟ್ ಐತಿ. ಅದ ಬೆಳಗಾಕತ್ತೈತಿ."

ಚಾಚಿ ಗಂಟು ಬಿಚ್ಚಿದಳು. ನಾನು ಕೀಲಿ ತೆಗೆದೆ. ಬೋರಲು ಮಲಗಿದ ಫೋನಿನ ಬೆನ್ನಿನಲ್ಲಿ ಟಾರ್ಚ್ ಧಗಧಗ ಉರಿಯುತ್ತಿತ್ತು.

ಸೊಸೆ ಫೋನು ಕೈಗೆತ್ತಿಕೊಂಡು ಮೆಲ್ಲಗೆ ಹೇಳಿದಳು. "ಅತ್ತಿ, ನೀವು ಬರಿಯಾಕಂತ ಟಾರ್ಚ್ ಹಚ್ಚತೀರಿ, ಆರಸಾಕ ಮರೀತೀರಿ. ದಿನಾ ನೋಟ್‌ಬುಕ್ಕಿನ ಮ್ಯಾಲೆ ಅಂಗಾತ ಇಡತಿದ್ರಿ, ಬೆಳಕು ರಟ್ಟಿಗೆ ಮುಚ್ಚಿರತಿತ್ತು. ಚಾರ್ಜ್ ಹದಿನೈದಕ್ಕ ಇಳದ್ರ ಟಾರ್ಚ್ ತಾನ ಆರತೈತಿ. ನಾಲ್ಕಕ್ಕ ನೀವು ತೆಗೆಯೂದ್ರಾಗ ಏನೂ ಗೊತ್ತಾಗತಿರಲಿಲ್ಲ."

ಚಾರ್ಜ್ ಇಳಿಸಿದ್ದು ಚಾರ್ಜ್ ಬರೆಯುವ ಕೆಲಸವೇ ಅಂತಾಯಿತು. ಮೊದಲ ದಿನ ಫೋನು ಬಂದ್ ಬಿದ್ದದ್ದೂ ಅದೇ ಕೋಣೆಯಲ್ಲಿ ಹಾಲಿನ ಲೆಕ್ಕ ಬರೆದ ಮೇಲೆಯೇ ಅಂತ ಆಗ ನೆನಪಾಯಿತು. ಮಗ ಟೀಪಾಯಿಯ ಕಡೆಗೆ ನಡೆದ. ನಾನು ತಡಮಾಡಲಿಲ್ಲ. "ಎಷ್ಟೈತಿ ನೋಡು," ಅಂದೆ. ಅರವತ್ತೆರಡು. "ಎರಡು ತಾಸು ಟಾರ್ಚ್ ಉರದ ಮ್ಯಾಲೂ ಅರವತ್ತೆರಡು. ಇದು ಮುದುಕ ಫೋನೇನು? ಬ್ಯಾಟರಿ ಚಲೋ ಐತಿ ಅಂತ ಅಂಗಡಿಯವ ಖರೆ ಹೇಳಿದ್ದ."

ಮಗ ಅಪ್ಪನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ನಂತರ ಪೆಟ್ಟಿಗೆ ಒಡೆದು ಬಟನ್ ಫೋನನ್ನು ನನ್ನ ಕೈಗೇ ಇಟ್ಟ. "ನಿನ್ನ ಫೋನ್ ನಿನ್ನ ಹತ್ರನ ಇರಲಿ ಅವ್ವಾ. ಇದರಾಗೂ ಟಾರ್ಚ್ ಐತಿ. ಇನ್ನ ಮ್ಯಾಲೆ ಬರಿಯೂದಿದ್ರ ಇದನ್ನ ಹಚ್ಕೋ."

ಕೀಲಿ ಗೊಂಚಲು ಸೊಂಟದಲ್ಲೇ ಉಳಿಯಿತು. ನಾನು ಹೊರಗೆ ಬಂದು ಕೂತೆ. ಸೊಸೆ ನೋಟ್‌ಬುಕ್ಕನ್ನೂ ಪೆನ್ನನ್ನೂ ತಂದು ನನ್ನ ಮುಂದಿಟ್ಟಳು. ಪುಟ ತಿರುವಿದರೆ ಕೊನೆಯ ಕಾಲಮಿನಲ್ಲಿ ಮೇಲಿನಿಂದ ಕೆಳಗಿನ ತನಕ ಅವಳೇ: ಸೊಸೆ, ಸೊಸೆ, ಸೊಸೆ, ನಡುವೆ ಒಂದು ಕಡೆ ಅಂಗಡಿಯವನು, ಮತ್ತೆ ಸೊಸೆ.

"ಇವತ್ತಿನ ಸಾಲು ಖಾಲಿ ಐತ್ರಿ ಅತ್ತಿ," ಅಂದಳು. "ಯಾರ ಹೆಸರು ಬರೀತೀರಿ?"

ದಾಖಲೆ ಅಂದಮೇಲೆ ದಾಖಲೆ. ನನ್ನ ಹೆಸರನ್ನೇ ಬರೆದೆ. ಜೊತೆಗೆ ಬಿ.ಎಸ್ಸಿ. ಅಂತ ಸೇರಿಸುವುದನ್ನು ಮರೆಯಲಿಲ್ಲ.