ಎಂಜಿನ್ ಕೆಡುವುದು ಕೊನೆಗಿರಲಿ

ನಲವತ್ತು ವರ್ಷ ಇಂಗ್ಲಿಷ್ ಕಲಿಸಿದವಳಿಗೆ ವಿಮಾನದ ಒಂದು ಪುಸ್ತಕ ತಿದ್ದುವುದು ಯಾವ ದೊಡ್ಡ ಮಾತು? ಸಿಂಪಲ್ ಮ್ಯಾಟರ್. ಈಗಲೂ ಹಾಗೇ ಅಂತೀನಿ.

ನನ್ನ ಸೊಸೆ ಸವಿತಾ ಕಲಬುರಗಿಯಲ್ಲೇ ವಿಮಾನ ಹಾರಿಸಲು ಕಲಿಸುವ ಒಂದು ಶಾಲೆಯಲ್ಲಿ ಕಾಗದಪತ್ರ ನೋಡಿಕೊಳ್ಳುತ್ತಾಳೆ. ಶಾಲೆಗೆ ಹೊಸ ವಿಮಾನ ಬಂದಿತ್ತು. ಪೈಲಟ್ ಯಾವುದರ ನಂತರ ಯಾವುದನ್ನು ನೋಡಬೇಕು ಎಂಬ ಚೆಕ್‌ಲಿಸ್ಟಿಗೆ ಸರ್ಕಾರದ ಮಂಜೂರಿ ಸಿಗುವವರೆಗೆ ಅದು ನೆಲ ಬಿಡುವಂತಿಲ್ಲ. ಮಂಜೂರಿ ಕೆಟ್ಟರೆ ಸವಿತಾಳ ಪ್ರೊಬೇಷನ್ನೂ ಕೆಟ್ಟಂತೆ. ಸೋಮವಾರ ಇನ್‌ಸ್ಪೆಕ್ಟರ್ ಬರುವವರಿದ್ದರು.

ಶನಿವಾರ ಅವಳು ಬಿಡಿ ಹಾಳೆಗಳನ್ನು ಗಾಜಿಪುರ ಓಣಿಯ ನಮ್ಮ ಮನೆಗೆ ತಂದಳು.

"ಅತ್ತೀ, ಸ್ಪೆಲ್ಲಿಂಗ್ ಅಷ್ಟ ನೋಡ್ರಿ. ಬ್ಯಾರೆ ಏನೂ ಮುಟ್ಟಬ್ಯಾಡ್ರಿ."

"ನನಗ ಹೇಳ್ತಿ? ಬೈಂಡಿಂಗೂ ನಾನೇ ಮಾಡಿಸ್ಕೊಂಡು ಬರ್ತೀನಿ. ನೀ ಆರಾಮ ಇರು."

ಸ್ಪೆಲ್ಲಿಂಗ್ ಒಂದೂ ತಪ್ಪಿರಲಿಲ್ಲ. ಅದೇ ಅನಾಹುತಕ್ಕೆ ಮೂಲ. ತಪ್ಪು ಸಿಗದ ಟೀಚರ್ ಸುಮ್ಮನೆ ಕೂತದ್ದನ್ನು ಯಾರಾದರೂ ಕಂಡಿದ್ದೀರಾ?

ಕಣ್ಣು ಮೊದಲ ಪುಟಕ್ಕೆ ಹೋಯಿತು. ಕೆಂಪು ಅಂಚು. ತಲೆಬರಹ, ‘ಎಂಜಿನ್ ಫೇಲ್ಯೂರ್’. ಮಗುಚಿದರೆ ‘ಎಂಜಿನ್ ಫೈರ್’. ಶಿವ ಶಿವಾ. ಕಾನ್ವೆಂಟಿನಲ್ಲಿ ಹತ್ತು ವರ್ಷ ಪ್ರೇಯರ್ ಹೇಳಿದವಳಾದರೂ ನಾನು ಗಾಜಿಪುರದ ಹೆಂಗಸು. ಊರಿಗೆ ಹೊರಟವರನ್ನು ‘ಎಲ್ಲಿಗೆ’ ಎಂದು ಸಹ ಕೇಳದ ಮನೆತನ ನಮ್ಮದು. ಆಕಾಶಕ್ಕೆ ಹೊರಟ ಮಕ್ಕಳ ಕೈಗೆ ಮೊದಲೇ ಬೆಂಕಿ ಕೊಡುವುದೇ?

ಕೆಂಪು ಹಾಳೆಗಳನ್ನೆಲ್ಲ ತೆಗೆದು ಕೊನೆಗಿಟ್ಟೆ. ಎಲ್ಲಕ್ಕೂ ಮುಂದೆ ‘ಆಫ್ಟರ್ ಲ್ಯಾಂಡಿಂಗ್’, ಅಂದರೆ ಸುಖವಾಗಿ ಇಳಿದ ಮೇಲಿನ ಹಾಳೆ.

ಯಜಮಾನರು ಪೇಪರಿನಿಂದ ತಲೆ ಎತ್ತಿದರು. "ಹತ್ತೂಕಿಂತ ಮೊದಲ ಇಳಿಸಿದಿ ಏನ?"

"ನಿಮಗ ಪ್ರೆಸೆಂಟೇಷನ್ ತಿಳ್ಯಾಂಗಿಲ್ಲ ಬಿಡ್ರಿ."

ಮೋಮಿನಪುರದ ಬೈಂಡಿಂಗ್ ಅಂಗಡಿಯ ಖಾದರನಿಗೂ ಸಂಶಯ. "ಟೀಚರ್, ಲಾಲ್ ಪೇಜಿನ ಮ್ಯಾಲ ಒಂದನೇ ನಂಬರ್ ಅದ. ಹಿಂದ ಹಾಕ್ಲೇನ್ರಿ, ಪಕ್ಕಾ?"

"ಪಕ್ಕಾ."

ಹಿಂದಕ್ಕೇ ಹಾಕಿ ಹೊಲಿದ. ಅವನಿಗೆ ಏಳನೇ ಇಯತ್ತೆ ಕಲಿಸಿದವಳು ನಾನೇ.

ಮನೆಗೆ ಬಂದು ಕಂದು ಕಾಗದದ ಹೊದಿಕೆ ಹಾಕಿದೆ. ಮೂಲೆ ಮಡಚಿದ್ದು ನಮ್ಮ ಕಾನ್ವೆಂಟಿನ ಸಿಸ್ಟರ್ ಕಲಿಸಿದ ಹಾಗೆ. ಆ ಸಿಸ್ಟರೂ ಈಗಿಲ್ಲ, ಅಂಥ ಮೂಲೆಗಳೂ ಈಗಿಲ್ಲ. ಅಷ್ಟು ನೀಟಾದ ಫೈಲನ್ನು ಸವಿತಾ ತೆರೆದೂ ನೋಡಲಿಲ್ಲ. ಅತ್ತೆಯನ್ನು ನಂಬಿದಳು. ಸೊಸೆಯಂದಿರು ಮಾಡಬಾರದ ತಪ್ಪು.

ಸೋಮವಾರ ಯಜಮಾನರೂ ನಾನೂ ಕಮಲಾಪುರದ ನಾದಿನಿಯ ಮನೆಯಲ್ಲಿ, ಅವಳ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ. ವಿಮಾನವನ್ನು ನಾನು ತಿದ್ದಿದ ಬಗೆಯನ್ನು ಹೆಂಗಸರಿಗೆ ವಿವರಿಸುತ್ತಿದ್ದಾಗ ಫೋನ್ ಬಂತು.

"ಅತ್ತೀ, ಕೆಂಪು ಹಾಳಿ ಎಲ್ಲವ್ರಿ?" ಸವಿತಾಳ ದನಿ ಸಣ್ಣದಾಗಿತ್ತು.

"ಹಿಂದ ಅವ. ಸೇಫ್ ಅವ."

"ಸಾಹೇಬ್ರು ರಿಜೆಕ್ಟ್ ಮಾಡ್ತೀನಿ ಅನ್ನಾಕತ್ತಾರ. ಹಿಂಗ್ಯಾಕ ಮಾಡ್ದಿ, ಬರ್ದು ಕೊಡು ಅಂತಾರ."

"ನೀ ಏನೂ ಬರೀಬ್ಯಾಡ. ಮಾಡಿದಾಕಿ ನಾ. ಬರಾಕತ್ತೀನಿ."

"ಉಂಡು ಹೋಗೋಣು," ಎಂದರು ಯಜಮಾನರು.

"ಅಲ್ಲಿ ವಿಮಾನ ನಿಂತದ ರೀ."

"ನಿಲ್ಲಿಸಿದಾಕಿ ನೀನ."

ನಾದಿನಿ ಕೈಗೆ ತುರುಕಿದ ಕೆಂಪು ಬಾಳೆಹಣ್ಣಿನ ಚೀಲದೊಂದಿಗೇ ಶಾಲೆಯ ಆಫೀಸಿಗೆ ನುಗ್ಗಿದೆ. ಇನ್‌ಸ್ಪೆಕ್ಟರ್ ರಾಯಚೂರ ಕಡೆಯವರು. ಮೊದಲು ಚೀಲ ನೋಡಿದರು.

"ಇದೆಲ್ಲ ನಡ್ಯಾಂಗಿಲ್ರಿ ಮೇಡಂ."

"ನಿಮಗ ಅಂತ ಯಾರ ತಂದಾರ?" ಎಂದೆ.

ಸವಿತಾ ಕಣ್ಣು ಮುಚ್ಚಿಕೊಂಡಳು.

ನಾನು ನಿಂತೇ ವಾದಿಸಿದೆ. "ಹಾಳಿ ಬದಲಿ ಮಾಡಿದಾಕಿ ನಾನು, ಈಕಿ ಅಲ್ಲ. ಮತ್ತ ಮಾಡಿದ್ದೂ ಸರಿ ಅದ. ಶುಭ ಮೊದಲ, ಅಶುಭ ಆಮ್ಯಾಲ. ಅದು ಸಿವಿಲೈಜ್ಡ್ ಪದ್ಧತಿ."

ಅವರು ಸಿಟ್ಟಾಗಲಿಲ್ಲ. ಫೈಲ್ ನನ್ನ ಕೈಗಿಟ್ಟು ಕೈಗಡಿಯಾರ ನೋಡಿದರು. "ಕೂಡ್ರಿ. ನೀವ ಪೈಲಟ್. ಈಗಷ್ಟ ಮ್ಯಾಲ ಹತ್ತೀರಿ, ಎಂಜಿನ್ ಬಂದ್ ಆಗ್ಯಾದ. ಏನ ಮಾಡ್ಬೇಕು, ಓದ್ರಿ."

ಚಾಳೀಸು ಬ್ಯಾಗಿನ ತಳದಲ್ಲಿತ್ತು. ಹುಡುಕಿ ಮೂಗಿಗೇರಿಸಿದೆ. ಮೊದಲ ಪುಟ ತೆರೆದರೆ, ಸುಖವಾಗಿ ಇಳಿದಾಗಿದೆ, ದೀಪ ಆರಿಸಿ ಎಂದಿತ್ತು. ಹಾಳೆಗಳು ಬೆರಳಿಗೆ ಅಂಟಿ ಎರಡೆರಡು ಮಗುಚಿದವು. ಅರ್ಧ ಪುಸ್ತಕ ದಾಟಿರಲಿಲ್ಲ.

"ಸಾಕ್ರಿ ಮೇಡಂ. ಇಳದ್ರಿ."

"ಎಲ್ಲಿ?"

"ತೊಗರಿ ಹೊಲದಾಗ."

"ಹುಡುಗ್ರಿಗೆ ಇದು ಬಾಯಿಪಾಠ ಇರಬೇಕು," ಎಂದೆ, ಬಿಡದೆ.

"ಇರ್ತದ್ರಿ. ಹೆದರಿಕಿಗೆ ಮರೀತಾರ. ಅದಕ್ಕ ಪುಸ್ತಕ, ಅದಕ್ಕ ಕೆಂಪು ಹಾಳಿ ಮುಂದ."

ಕಿಟಕಿಯಾಚೆ ಹೊಸ ವಿಮಾನದ ಪಕ್ಕ ನಾಲ್ಕು ಹುಡುಗಿಯರು ಕಾಯುತ್ತ ನಿಂತಿದ್ದರು. ಆ ಹೊಲದಲ್ಲಿ ಇವರಲ್ಲಿ ಯಾರನ್ನು ಇಳಿಸಿದೆನೋ ಎನಿಸಿ ಒಂದು ಕ್ಷಣ ಫೈಲ್ ಕೆಳಗಿಟ್ಟೆ. ಒಂದೇ ಕ್ಷಣ, ಮತ್ತೆ!

ತಪ್ಪೊಪ್ಪಿಗೆ ನಾನೇ ಬರೆದುಕೊಟ್ಟೆ. ಎರಡು ಪುಟ, ಫಸ್ಟ್ ಕ್ಲಾಸ್ ಇಂಗ್ಲಿಷ್. ಅದರಲ್ಲಿ ತಪ್ಪು ಒಪ್ಪಿಕೊಂಡದ್ದೆಲ್ಲಿ ಎಂದು ಹುಡುಕಲು ಇನ್‌ಸ್ಪೆಕ್ಟರ್ ಎರಡು ಸಲ ಓದಬೇಕಾಯಿತು. ಹಾಳೆಗಳು ತಮ್ಮ ಜಾಗಕ್ಕೆ ಹೋದವು, ಮುಂದಿನ ತಿಂಗಳು ಮಂಜೂರಿ ಬಂತು, ಸವಿತಾ ಕಾಯಂ ಆದಳು. ನಾನು ಮಾತ್ರ ನನ್ನ ಮಾತು ಬಿಟ್ಟಿಲ್ಲ. ಶುಭವೇ ಮೊದಲಿರಬೇಕು. ಕೆಂಪು ಹಾಳೆ ಬೇಗ ಸಿಗುವುದೇ ಶುಭ ಎನ್ನುವುದು ಇನ್‌ಸ್ಪೆಕ್ಟರ್ ಸಾಹೇಬರ ಒಪಿನಿಯನ್.

ಶಾಲೆಯ ನಿಯಮಾವಳಿಗೆ ಒಂದು ಹೊಸ ಸಾಲು ಸೇರಿದೆ. ‘ಮಂಜೂರಿಗೆ ಕಳಿಸುವ ಹಾಳೆಗಳನ್ನು ಸಿಬ್ಬಂದಿಯ ಮನೆಯ ಹಿರಿಯರ ಕೈಗೆ ಕೊಡತಕ್ಕದ್ದಲ್ಲ.’ ಅದಕ್ಕೂ ಸರ್ಕಾರದ ಮಂಜೂರಿ ಸಿಕ್ಕಿದೆ.

"ಸರ್ಕಾರದ ಮಂಜೂರಿ ತಗೊಂಡು ದೂರ ಇಟ್ಟ ಅತ್ತಿ ಇಡೀ ಜಿಲ್ಲಾದಾಗ ನೀ ಒಬ್ಬಾಕಿನ," ಎಂದರು ಯಜಮಾನರು.

ನಾನು ಅದನ್ನು ಕಾಂಪ್ಲಿಮೆಂಟ್ ಎಂದೇ ತಗೊಂಡಿದ್ದೇನೆ.