ಗುಡಾಣದೊಳಗಿನ ಭಾಮೈದ

ರೇಡಿಯೋದ ಹಿನ್ನೆಲೆ ಸದ್ದನ್ನು ಅಡಗಿಸುವುದೇನು ಮಹಾ ಕೆಲಸ! ಹೀಗೆಂದು ನಾನು ಹೆಂಡತಿ ಸರಸಳ ಮುಂದೆ ಘೋಷಿಸಿದಾಗ ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಎಂಬತ್ತರ ದಶಕದ ಕೊನೆಯ ದಿನಗಳು. ಬೇರೆ ಮೇಷ್ಟ್ರುಗಳು ಸಂಜೆ ಇಸ್ಪೀಟು ಆಡುತ್ತಿದ್ದರೆ ನಾನು ಹವ್ಯಾಸಿ ರೇಡಿಯೋ ತಿರುಗಿಸುತ್ತ ಕೂರುತ್ತಿದ್ದೆ. ಹವ್ಯಾಸಿ ರೇಡಿಯೋ ಎಂದರೆ ಹಾಡು, ವಾರ್ತೆ ಕೇಳುವುದಲ್ಲ. ದೇಶ ದೇಶಗಳಲ್ಲಿರುವ ನಮ್ಮಂಥ ಹುಚ್ಚರು ತಂತಮ್ಮ ಮನೆಯ ಯಂತ್ರಗಳಿಂದ ಪರಸ್ಪರ ಮಾತಾಡಿಕೊಳ್ಳುವುದು. ಮಾತಾಡಲು ಬೇಕಾದ ಲೈಸೆನ್ಸು ನನಗಿನ್ನೂ ಬಂದಿರಲಿಲ್ಲ. ಹಾಗಾಗಿ ನಾನೇ ಕಟ್ಟಿದ ಒಂದು ರಿಸೀವರು, ಮಾಡಿನಿಂದ ನುಗ್ಗೇಮರಕ್ಕೆ ಎಳೆದ ಒಂದು ತಂತಿ, ಇಷ್ಟನ್ನಿಟ್ಟುಕೊಂಡು ಬರೀ ಕೇಳುತ್ತಿದ್ದೆ.

ಸರಸ ಈ ಹವ್ಯಾಸವನ್ನು ಸಹಿಸಿಕೊಂಡಿದ್ದಳು. ಆದರೆ ಅವಳ ತಮ್ಮ ಕಿಟ್ಟಿಯಿಂದ ಒಂದು ಕಾಗದ ಬಂದ ದಿನದಿಂದ ನನ್ನ ರಿಸೀವರಿಗೆ ಮನೆಯಲ್ಲಿ ದೇವರ ಪಟದ ಪಕ್ಕದ ಸ್ಥಾನ ಸಿಕ್ಕಿತು. ಕಿಟ್ಟಿ ಸೈನ್ಯದಲ್ಲಿ ವೈರ್‌ಲೆಸ್ ಕೆಲಸದಲ್ಲಿದ್ದ. ಅವನನ್ನು ದಕ್ಷಿಣ ಧ್ರುವದ ಹಿಮಖಂಡದಲ್ಲಿರುವ ನಮ್ಮ ದೇಶದ ಸಂಶೋಧನಾ ಕೇಂದ್ರಕ್ಕೆ ಕಳಿಸಿದ್ದರು. ಅಲ್ಲಿಂದ ಫೋನಿಲ್ಲ. ಹಡಗು ಹೋಗಿ ಬಂದರೆ ಕಾಗದ, ಇಲ್ಲದಿದ್ದರೆ ಅದೂ ಇಲ್ಲ. ಜಂಗಮಕೋಟೆಯಲ್ಲಿದ್ದ ನಮ್ಮತ್ತೆ ಮಗನ ದನಿ ಕೇಳಿ ವರ್ಷದ ಮೇಲಾಗಿತ್ತು. ಯುಗಾದಿಯ ದಿನ ಹೋಳಿಗೆ ತಟ್ಟುತ್ತ, "ಅಲ್ಲಿ ಒಲೆ ಹತ್ಕೊಂತದೋ ಇಲ್ವೋ," ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದನ್ನು ನಾನೇ ನೋಡಿದ್ದೆ.

ಕಾಗದದಲ್ಲಿ ಕಿಟ್ಟಿ ಬರೆದಿದ್ದ: "ಭಾವ, ಭಾನುವಾರ ಮಧ್ಯಾಹ್ನ ಬೆಂಗಳೂರಿನ ಒಬ್ಬ ಹವ್ಯಾಸಿ ಗೆಳೆಯರ ಜೊತೆ ಮಾತಾಡ್ತಿರ್ತೀನಿ. ನಿಮ್ಮ ರಿಸೀವರಿಗೆ ಸಿಕ್ಕಿದ್ರೂ ಸಿಗಬಹುದು. ಅಮ್ಮನಿಗೆ ಒಂದ್ಸಲ ಕೇಳಿಸಿ. ಏಪ್ರಿಲ್ ತಿಂಗಳು ಕಳೆದರೆ ಇಲ್ಲಿನ ಯಂತ್ರ ಬೇರೆ ಕೆಲಸಕ್ಕೆ ಹೋಗುತ್ತೆ."

ಆ ಭಾನುವಾರವೇ ಹುಡುಕಿದೆ. ಸಿಕ್ಕಿಬಿಟ್ಟ! ಆದರೆ ದನಿ ಇರುವೆಯದು. ಅದರ ಹಿಂದೆ ಎರಡು ಬಗೆಯ ಸದ್ದು. ಒಂದು, ಎಲ್ಲ ರೇಡಿಯೋದಲ್ಲೂ ಇರುವ ಕುಂಯ್ ಗೊರ್. ಇನ್ನೊಂದು, ಹಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ ಬಿಡದೆ ಸರ್ರ್ ಎನ್ನುವುದು. ಈ ಎರಡನೆಯದು ನನ್ನ ಹಳೇ ಶತ್ರು. ಕೆಲವು ವಾರ ಇರುತ್ತಿತ್ತು, ಕೆಲವು ವಾರ ಇರುತ್ತಿರಲಿಲ್ಲ. ಇದಕ್ಕೆ ಸೂರ್ಯನ ಮೇಲಿನ ಕಲೆಗಳೇ ಕಾರಣ ಎಂದು ನಾನು ಸರಸಳಿಗೆ ಕಪ್ಪು ಹಲಗೆಯ ಮೇಲೆ ಚಿತ್ರ ಬರೆದು ವಿವರಿಸಿದ್ದೆ. ಅವಳು ಒಪ್ಪಿಕೊಂಡಿದ್ದಳು. ಮೇಷ್ಟ್ರ ಹೆಂಡತಿ!

"ಏನೋ ಗೊಣಗಿದ್ದು ಕೇಳ್ತು. ಕಿಟ್ಟೀನೋ, ಇನ್ಯಾರೋ," ಎಂದು ಅವಳು ಮುಖ ಸಣ್ಣದು ಮಾಡಿಕೊಂಡಳು. ಆಗಲೇ ನಾನು ಮೇಲೆ ಹೇಳಿದ ಘೋಷಣೆ ಮಾಡಿದ್ದು. ತಿಂಗಳು ಮುಗಿಯುವ ಮುಂಚೆ ಉಳಿದಿದ್ದು ಇನ್ನೊಂದೇ ಭಾನುವಾರ.

ಸೋಮವಾರ ಬಸ್ ಸ್ಟ್ಯಾಂಡಿನ ಹತ್ತಿರದ ಗೌಸ್ ಭಾಯಿಯ ಅಂಗಡಿಗೆ ಓಡಿದೆ. ಟೇಪ್ ರೆಕಾರ್ಡರ್ ರಿಪೇರಿ ಮಾಡುವುದು, ಮದುವೆಗಳಿಗೆ ಧ್ವನಿವರ್ಧಕ ಬಾಡಿಗೆ ಕೊಡುವುದು ಆತನ ಕಸುಬು. ನನ್ನ ಕಷ್ಟ ಕೇಳಿ ಒಂದು ಜೊತೆ ಹೆಡ್‌ಫೋನ್ ತೆಗೆದುಕೊಟ್ಟ. "ಇದು ಹಾಕ್ಕೊಳಿ ಮಾಸ್ಟರ್ ಸಾಬ್. ದುನಿಯಾ ಮರ್ತೋಗ್ತದೆ."

ಮನೆಗೆ ತಂದು ರಿಸೀವರಿಗೆ ಸಿಕ್ಕಿಸಿ ಹಾಕಿಕೊಂಡೆ. ಆಶ್ಚರ್ಯ! ಸರ್ರ್ ಸದ್ದು ಮಂಗಮಾಯ! ತೆಗೆದೆ. ಮತ್ತೆ ಸರ್ರ್! ಹಾಕಿದರೆ ಇಲ್ಲ, ತೆಗೆದರೆ ಇದೆ. ವಿಜ್ಞಾನದ ಮೇಷ್ಟ್ರಿಗೆ ಇದಕ್ಕಿಂತ ಸ್ಪಷ್ಟ ಪ್ರಯೋಗ ಬೇಕೇ? ಹೆಡ್‌ಫೋನಿನಲ್ಲಿ ಸದ್ದಿಲ್ಲ, ಸ್ಪೀಕರಿನಲ್ಲಿ ಸದ್ದಿದೆ. ಆದ್ದರಿಂದ ದೋಷ ಸ್ಪೀಕರಿನದು. ಈ ತರ್ಕದಲ್ಲಿ ಒಂದು ಕೂದಲೆಳೆಯಷ್ಟು ಬಿರುಕನ್ನೂ ನಾನು ಕಾಣಲಿಲ್ಲ.

"ಅದನ್ನೇ ಅಮ್ಮನ ಕಿವಿಗೆ ಹಾಕಿದ್ರಾಯ್ತಲ್ಲ," ಎಂದಳು ಸರಸ.

"ಅಮ್ಮ ಒಬ್ಬರೇ ಕೇಳೋದು, ನೀನು ಅವರ ಮುಖ ನೋಡ್ಕೊಂಡು ಕೂರೋದಾ? ಆಗಲ್ಲ. ಇಡೀ ಮನೆ ಕೇಳಬೇಕು!" ಎಂದೆ. ನಿಜ ಹೇಳಬೇಕೆಂದರೆ, ನಾನು ಅಳಿಯ. ಅಳಿಯ ಮಾಡಿದ ಪವಾಡವನ್ನು ಒಬ್ಬರು ಮಾತ್ರ ಕೇಳಿದರೆ ಏನು ಸುಖ?

ಹೆಡ್‌ಫೋನ್ ವಾಪಸು ಹೋಯಿತು, ಸ್ಪೀಕರು ಬಂತು. ಅದೂ ಸರ್ರ್ ಅಂದಿತು. ಇನ್ನೂ ದೊಡ್ಡದು ಬಂತು. ಅದೂ ಸರ್ರ್. ಕೊನೆಗೆ ಗೌಸ್ ಭಾಯಿ ಮದುವೆ ಚಪ್ಪರದ ಸ್ಪೀಕರನ್ನು ಸೈಕಲ್ಲಿನ ಮೇಲೆ ತಂದ. "ಇದರಲ್ಲಿ ಸದ್ದು ಬಂದ್ರೆ ನಾನು ಅಂಗಡೀನೇ ಮುಚ್ತೀನಿ," ಎಂದ. ಸದ್ದು ಬಂತು. ಪುಣ್ಯಕ್ಕೆ ಅಂಗಡಿ ಮುಚ್ಚಲಿಲ್ಲ.

ಹಾಗಾದರೆ ಸ್ಪೀಕರಿಗೆ ಹೋಗುವ ಮುಂಚೆಯೇ ಸದ್ದನ್ನು ಸೋಸಬೇಕು ಎಂದು ಒಂದು ಫಿಲ್ಟರ್ ಕಟ್ಟಲು ಕೂತೆ. ಸೋಪಿನ ಡಬ್ಬಿಯೊಳಗೆ ತಂತಿಯ ಸುರುಳಿ, ಕೆಪಾಸಿಟರುಗಳು. ಬೆಸುಗೆ ಹಾಕಿದ್ದೇ ತಡ, ಅಡ್ಡಗೋಡೆಯ ಆಚೆಯಿಂದ ಮನೆಯೊಡತಿ ಮುನಿಯಮ್ಮ ಕೂಗಿದರು.

"ಏಮಪ್ಪಾ ಮೇಷ್ಟ್ರೇ! ಏನದು ಹೊಗೆ? ನನ್ನ ಹುಳ ಊಟ ಬಿಟ್ರೆ ನೀನ್ ಬರ್ತೀಯಾ ಗೂಡು ಕಟ್ಟಕ್ಕೆ?"

ಆ ಉದ್ದನೆಯ ಹಂಚಿನ ಮನೆಯ ಅರ್ಧ ನಮಗೆ ಬಾಡಿಗೆಗೆ, ಉಳಿದರ್ಧ ಮುನಿಯಮ್ಮನ ರೇಷ್ಮೆಹುಳುಗಳಿಗೆ. ಮಧ್ಯದ ಗೋಡೆ ಮಾಡಿಗೆ ಮುಟ್ಟದೆ ಆಳೆತ್ತರಕ್ಕೇ ನಿಂತುಬಿಟ್ಟಿತ್ತು. ಹುಳದ ಮನೆಯೊಳಗೆ ಹೊರಗಿನವರು ಕಾಲಿಡುವ ಹಾಗಿರಲಿಲ್ಲ. ಹುಳುಗಳಿಗೆ ಹೊಗೆ, ವಾಸನೆ ಯಾವುದೂ ಆಗದು. ನಾನು ಗೌರಿಬಿದನೂರಿನ ಕಬ್ಬಿನ ಸೀಮೆಯವನು. ಹುಳುವಿನ ಬಗ್ಗೆ ನನಗೆ ಗೊತ್ತಿದ್ದುದು ಪಠ್ಯಪುಸ್ತಕದ ಚಿತ್ರವಷ್ಟೇ. ವಿಧೇಯನಾಗಿ ಎಲ್ಲವನ್ನೂ ಹೊತ್ತುಕೊಂಡು ಹೋಗಿ ನುಗ್ಗೇಮರದ ಕೆಳಗೆ ಬಿಸಿಲಲ್ಲಿ ಕೂತು ಬೆಸುಗೆ ಹಾಕಿದೆ.

ಗುರುವಾರ ಫಿಲ್ಟರನ್ನು ಜೋಡಿಸಿ ಸ್ವಿಚ್ ಒತ್ತಿದೆ.

ನಿಶ್ಶಬ್ದ! ಸರ್ರ್ ಎಂಬುದರ ಸುಳಿವೇ ಇಲ್ಲ! ಎದ್ದು ನಿಂತೆ. ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳಲು ಕೈ ಎಟುಕದೆ ಸರಸಳಿಂದ ತಟ್ಟಿಸಿಕೊಂಡೆ. ಜಗಲಿಯಲ್ಲಿ ಮುನಿಯಮ್ಮ ಎಂದೂ ಇಲ್ಲದ ಹಾಗೆ ಕಾಲು ನೀಡಿ ಕೂತು ಎಲೆಯಡಿಕೆ ಹಾಕುತ್ತಿದ್ದರು. "ಏನು, ಇವತ್ತು ಬಿಡುವಾ?" ಎಂದೆ ಉದಾರವಾಗಿ.

"ಹೂಂ ಕಣಪ್ಪ. ಹುಳಕ್ಕೆ ಜ್ವರ."

"ಅಯ್ಯೋ ಪಾಪ! ಬೇಗ ಗುಣವಾಗಲಿ," ಎಂದು ಸಂತಾಪ ಸೂಚಿಸಿದೆ. ಆಕೆ ನನ್ನನ್ನು ಒಂಥರಾ ನೋಡಿದರು. ವಿಜಯೋತ್ಸಾಹದಲ್ಲಿದ್ದವನಿಗೆ ಅದೆಲ್ಲ ಲೆಕ್ಕಕ್ಕಿಲ್ಲ. ಜಂಗಮಕೋಟೆಯ ಬಸ್ಸಿನ ಕಂಡಕ್ಟರ್ ಕೈಲಿ ಅತ್ತೆಗೆ ಹೇಳಿಕಳಿಸಿದೆ: ಸದ್ದು ಸಂಪೂರ್ಣ ನಿರ್ಮೂಲವಾಗಿದೆ, ಭಾನುವಾರ ಬಂದು ಮಗನ ದನಿ ಕೇಳತಕ್ಕದ್ದು.

ಶುಕ್ರವಾರ ಸಂಜೆ ಸ್ವಿಚ್ ಒತ್ತಿದೆ. ಸರ್ರ್! ಶನಿವಾರ ಅದು ಹಿಂದೆಂದಿಗಿಂತ ಜೋರಾಯಿತು. ಸಣ್ಣ ಮಳೆ ಹೋಗಿ ಮುಂಗಾರೇ ಸುರಿಯತೊಡಗಿತು.

"ನಾಳೆ ಅಮ್ಮ ಬಂದ್ಬಿಡ್ತಾಳೆ ರೀ. ಇವತ್ತು ರಾತ್ರಿಯೆಲ್ಲ ನಿದ್ದೆ ಮಾಡಲ್ಲ," ಎಂದಳು ಸರಸ. ಅವಳ ದನಿಯಲ್ಲಿ ದೂರಿರಲಿಲ್ಲ. ಅದೇ ನನ್ನನ್ನು ತಿಂದುಹಾಕಿತು. ಯಂತ್ರ ಸೋತರೆ ಸೋಲಲಿ, ಆ ತಾಯಿ ಬರಿಗೈಯಲ್ಲಿ ಬಸ್ಸು ಹತ್ತಬಾರದು ಎಂದು ನಿಜವಾಗಿಯೂ ಅನ್ನಿಸಿತು. ಆ ಆವೇಶದಲ್ಲೇ ಮುನಿಯಮ್ಮನಿಂದ ರಾಗಿ ತುಂಬುವ ಮಣ್ಣಿನ ಗುಡಾಣ ಕಡ ತಂದೆ. ಸ್ಪೀಕರನ್ನು ಅದರೊಳಗೆ ಇಳಿಬಿಟ್ಟೆ. ಕೀರಲು ಸದ್ದನ್ನೆಲ್ಲ ಮಣ್ಣು ಹೀರಿಕೊಳ್ಳುತ್ತದೆ ಎಂಬುದು ನನ್ನ ಸಿದ್ಧಾಂತ. ಬಾಯಿಗೆ ಕಂಬಳಿ ಕಟ್ಟಿದೆ. ಕಿಟಕಿ ಮುಚ್ಚಿ ಗೋಡೆಗೆಲ್ಲ ಗೋಣಿಚೀಲ ನೇತುಹಾಕಿದೆ. ನಮ್ಮ ನಡುಮನೆ ಮಂಡಿಯ ಗೋದಾಮಿನ ಹಾಗಾಯಿತು.

ಭಾನುವಾರ ಅತ್ತೆ ಬಂದರು. ಒಳ್ಳೇ ಸೀರೆ ಉಟ್ಟಿದ್ದರು. ಮಗನಿಗೇನೋ ಕಾಣಿಸುತ್ತದೆ ಎನ್ನುವ ಹಾಗೆ ಹಣೆಯ ಕುಂಕುಮ ಸರಿಮಾಡಿಕೊಂಡು ಗುಡಾಣದ ಎದುರು ಕೂತರು. ಸರಸ ಅವರ ಪಕ್ಕ. ಸ್ಪೀಕರಿನ ಮಾನ ಕಾಯಲು ಗೌಸ್ ಭಾಯಿ. ಹುಳಕ್ಕೆ ಸೊಪ್ಪು ಹಾಕಿ, ಸೆರಗಿಗೆ ಕೈ ಒರೆಸುತ್ತ ಬಂದ ಮುನಿಯಮ್ಮ. ಕಿಟಕಿ ಮುಚ್ಚಿದ ಸೆಕೆಯಲ್ಲಿ ಎಲ್ಲರೂ ಇಡ್ಲಿಯ ಹಾಗೆ ಬೇಯುತ್ತಿದ್ದೆವು. ನಾನು ನಿಂತುಕೊಂಡು ಸೂರ್ಯನ ಕಲೆಗಳಿಂದ ಶುರುಮಾಡಿ ಒಂದು ಚಿಕ್ಕ ಪ್ರಸ್ತಾವನೆ ಮಾಡಿದೆ. ನಂತರ ಸ್ವಿಚ್ ಒತ್ತಿದೆ.

ಗುಡಾಣದ ಆಳದಿಂದ ಏನೋ ಒಂದು ಬುಳುಬುಳು ಎಂದಿತು. ಸುತ್ತ ಸರ್ರ್ ಎಂಬ ಮುಂಗಾರು. ನಾನು ತಿರುಗಣೆ ತಿರುಗಿಸಿದೆ, ಸೋಪಿನ ಡಬ್ಬಿ ಕುಟ್ಟಿದೆ, ಕಂಬಳಿ ಬಿಗಿದೆ. ಅಷ್ಟರಲ್ಲಿ ಫ್ಯಾನು ನಿಂತಿತು, ದೀಪ ಆರಿತು, ಬುಳುಬುಳು ನಿಂತಿತು. ಕರೆಂಟು ಹೋಯಿತು!

ಸರ್ರ್ ಮಾತ್ರ ನಿಲ್ಲಲಿಲ್ಲ.

"ಮಾಸ್ಟರ್ ಸಾಬ್," ಎಂದ ಗೌಸ್ ಭಾಯಿ ಕತ್ತಲಲ್ಲಿ. "ಕರೆಂಟ್ ಇಲ್ಲ. ಸದ್ದು ಐತೆ."

"ಗಾಬರಿ ಬೇಡ," ಎಂದೆ ನಾನು. "ಕೆಪಾಸಿಟರಿನಲ್ಲಿ ವಿದ್ಯುತ್ತು ಸ್ವಲ್ಪ ಉಳಿದಿರುತ್ತದೆ. ಅದು ಖಾಲಿಯಾಗುವವರೆಗೆ ಸದ್ದು ಬರುವುದು ಸಹಜ."

ಕಾದೆವು. ಕೆಪಾಸಿಟರು ಖಾಲಿಯಾಗಲಿಲ್ಲ. ಆ ಸೋಪಿನ ಡಬ್ಬಿಯಲ್ಲಿ ಇಡೀ ಜೋಗದ ವಿದ್ಯುತ್ತು ಇದ್ದ ಹಾಗಿತ್ತು! ನಾನು ಪ್ಲಗ್ ಕಿತ್ತೆ. ಸರ್ರ್. ತಂತಿ ಕಿತ್ತೆ. ಸರ್ರ್. ಇದೊಂದು ಹೊಸ ಆವಿಷ್ಕಾರವಿರಬಹುದು ಎಂದು ಎದೆ ಡವಗುಟ್ಟತೊಡಗಿತು.

"ಯಾವ ಸದ್ದಪ್ಪ?" ಎಂದರು ಅತ್ತೆ. "ನನಗೇನೂ ಕೇಳ್ತಿಲ್ವಲ್ಲ."

"ಇದೇ ಅತ್ತೆ! ಸರ್ರ್ ಅಂತ!"

"ಅಯ್ಯೋ ದೇವುಡಾ!" ಎಂದರು ಮುನಿಯಮ್ಮ. "ಅದು ನನ್ನ ಹುಳ ಸೊಪ್ಪು ಮೇಯ್ತಾ ಇರೋದು ಕಣೋ ಮೇಷ್ಟ್ರೇ!"

ಗೋಡೆಯ ಆಚೆ ಸಾವಿರಾರು ಹುಳುಗಳು ಏಕಕಾಲಕ್ಕೆ ಹಿಪ್ಪುನೇರಳೆ ಎಲೆ ಕಡಿಯುತ್ತಿದ್ದವು. ಅದೇ ನನ್ನ ಸೂರ್ಯನ ಕಲೆ! ಹೆಡ್‌ಫೋನ್ ಹಾಕಿದಾಗ ಕೇಳದಿದ್ದದ್ದು ನನ್ನ ಕಿವಿ ಮುಚ್ಚಿದ್ದರಿಂದ. ಗುರುವಾರ ನಿಂತದ್ದು ಹುಳುಗಳು ಪೊರೆ ಬಿಡಲು ಊಟ ಬಿಟ್ಟು ಮಲಗಿದ್ದರಿಂದ. ಅದಕ್ಕೇ ಇಲ್ಲಿ ಜ್ವರ ಅನ್ನುವುದು. ಜ್ವರ ಬಿಟ್ಟು ಎದ್ದ ಹುಳು ಹೊಟ್ಟೆಬಾಕ ಹುಳು. ಇಷ್ಟನ್ನೂ ಕತ್ತಲಲ್ಲಿ ಮೂವರು ಹೆಂಗಸರು ಸೇರಿ ನನಗೆ ಪಾಠ ಮಾಡಿದರು.

"ನಿನಗೆ ಗೊತ್ತಿರಲಿಲ್ವಾ?" ಎಂದು ಸರಸಳ ಮೇಲೆ ರೇಗಿದೆ. ಹುಳ ಸಾಕುವ ಮನೆಯಲ್ಲೇ ಹುಟ್ಟಿ ಬೆಳೆದವಳು!

"ನೀವು ರೇಡಿಯೋ ಸದ್ದು ಅಂದ್ರಿ. ರೇಡಿಯೋದೇ ಅಂದ್ಕೊಂಡೆ," ಎಂದಳು. "ಹುಳ ಮೇಯೋದನ್ನ ಯಾರಾದ್ರೂ ಸದ್ದು ಅಂತಾರಾ?"

ಅಷ್ಟರಲ್ಲಿ ಕರೆಂಟು ಬಂತು. ಕಿತ್ತದ್ದನ್ನೆಲ್ಲ ಸಿಕ್ಕಿಸಿದೆ. ಮತ್ತೆ ಬುಳುಬುಳು. ದೇವರ ದಯೆ, ಕಿಟ್ಟಿ ಇನ್ನೂ ಮಾತಾಡುತ್ತಿದ್ದ.

"ಯಾರಪ್ಪ ಅದು, ಗುಡಾಣದೊಳಗಿಂದ ಕೂಗ್ತಿರೋದು?"

"ಕಿಟ್ಟಿ, ಅತ್ತೆ."

"ಮಗೂನ ಯಾಕಪ್ಪ ಅದರೊಳಗೆ ಹಾಕಿದ್ದೀಯ? ತೆಗಿ ಈಚೆಗೆ!"

ಸ್ಪೀಕರನ್ನು ಈಚೆಗೆ ತೆಗೆದೆ. ದನಿ ಅರ್ಧ ಬಿಚ್ಚಿಕೊಂಡಿತು. ಅತ್ತೆ ಕತ್ತು ಮುಂದೆ ಚಾಚಿದರು. "ಮೂಗು ಕಟ್ಟೈತೆ ನನ್ನ ಮಗನಿಗೆ. ಶೀತ ಆಗೈತೆ," ಎಂದು ಕಣ್ಣು ತುಂಬಿಕೊಂಡರು. ಗೌಸ್ ಭಾಯಿ ನನ್ನ ಸೋಪಿನ ಡಬ್ಬಿಯನ್ನೇ ನೋಡಿದ. ನಾನು ತಲೆ ತಗ್ಗಿಸಿ ಅದನ್ನು ಕಿತ್ತೆ. ಶೀತ ತಕ್ಷಣ ವಾಸಿಯಾಯಿತು!

"ಇಲ್ಲಿ ಎಲ್ಲಾ ಚೆನ್ನಾಗಿದೀವಿ ಸಾರ್," ಎನ್ನುತ್ತಿದ್ದ ಕಿಟ್ಟಿ ಬೆಂಗಳೂರಿನವರಿಗೆ. "ಇವತ್ತು ನಾನೇ ಚಪಾತಿ ಮಾಡಿದೆ."

ಹುಳುಗಳ ಸರ್ರ್ ಹಾಗೇ ಇತ್ತು. ಅತ್ತೆಗೆ ಅದು ಅಡ್ಡ ಬರಲೇ ಇಲ್ಲ. ಆ ಸದ್ದಿನ ನಡುವೆಯೇ ತೊಟ್ಟಿಲ ಅಳು ಕೇಳಿಸಿಕೊಂಡು ಮಕ್ಕಳನ್ನು ಸಾಕಿದ ಹೆಂಗಸು. ಒಂದೊಂದು ಮಾತನ್ನೂ ಎತ್ತಿಕೊಂಡರು. "ಚಪಾತಿ ಮಾಡ್ದೇನೋ ನನ್ನಪ್ಪ? ದುಂಡಗೆ ಬಂತೇನೋ?" ಎಂದು ಸ್ಪೀಕರಿಗೆ ಕೇಳಿದರು, ಅತ್ತರು, ನಕ್ಕರು. ಸರಸ ಅವರ ಕೈ ಹಿಡಿದುಕೊಂಡಿದ್ದಳು. ನನಗೆ ಎಷ್ಟು ಸಂತೋಷವಾಯಿತೆಂದರೆ, ಸುಮ್ಮನಿರಲಾಗಲಿಲ್ಲ.

"ಅತ್ತೆ, ಇದು ಬರೀ ರಿಸೀವರು. ನೀವು ಮಾತಾಡಿದ್ದು ಅವನಿಗೆ ಕೇಳಿಸಲ್ಲ. ಯಾಕೆ ಅಂದ್ರೆ, ಪ್ರಸಾರ ಮಾಡೋಕೆ ಬೇರೆ ಯಂತ್ರ ಬೇಕು, ಅದಕ್ಕೆ ಲೈಸೆನ್ಸು..."

ಸರಸ ಎದ್ದಳು. ನನ್ನ ತೋಳು ಹಿಡಿದು ನಡೆಸಿಕೊಂಡು ಹೋಗಿ ಜಗಲಿಯಲ್ಲಿ ನಿಲ್ಲಿಸಿ, ಒಳಗಿನಿಂದ ಬಾಗಿಲು ಹಾಕಿಕೊಂಡಳು. ಬಾಗಿಲಿನ ಆಚೆಯಿಂದ ಅವಳ ದನಿ ಕೇಳಿಸಿತು.

"ಈಗ ನೋಡಮ್ಮ, ಎಷ್ಟು ಕ್ಲೀನಾಗಿ ಕೇಳ್ತದೆ!"