ಐದನೇ ಅಡ್ಡರಸ್ತೆಯ ಸಾರು

ಹಲಸೂರು ಮುಗಿದು ಮರ್ಫಿ ಟೌನ್ ಶುರುವಾಗುವಲ್ಲಿರುವ ಐದನೇ ಅಡ್ಡರಸ್ತೆಯ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯಹೊರಟರೆ ಅದನ್ನು ಎರಡು ಸಂಪುಟ ಮಾಡಬೇಕಾದೀತು: ಸಾರಿನ ಹಿಂದಿನದು, ಸಾರಿನ ಮುಂದಿನದು. ರಸ್ತೆಗೆ ಕಾವೇರಿ ನೀರು ಬಂದದ್ದು, ಮೂಲೆಯ ಹೊಂಗೆಮರ ಕಾರಿನ ಮೇಲೆ ಬಿದ್ದದ್ದು, ಇಂಥವೆಲ್ಲ ಅಡಿಟಿಪ್ಪಣಿಗೆ ಸಾಕು.

ಈ ಸಾರು ಕುದಿದದ್ದು ಒಲೆಯ ಮೇಲಲ್ಲ, ಕಾಗದದ ಮೇಲೆ. ರಸ್ತೆಯ ನಿವಾಸಿಗಳ ಸಂಘ ತಿಂಗಳಿಗೊಮ್ಮೆ ನಾಲ್ಕು ಪುಟದ ಪತ್ರಿಕೆ ತರುತ್ತದೆ. ಅದರ ಕೊನೆಯ ಪುಟದಲ್ಲಿ ಭೀಮೇಶರ ಅಂಕಣ: ‘ಓದಿದ್ದು, ನೋಡಿದ್ದು, ಕೇಳಿದ್ದು, ಉಂಡದ್ದು’. ಭೀಮೇಶರು ಕಮರ್ಷಿಯಲ್ ಸ್ಟ್ರೀಟಿನ ಸೀರೆ ಅಂಗಡಿಯಲ್ಲಿ ಇಪ್ಪತ್ತಾರು ವರ್ಷದಿಂದ ಸೀರೆ ಬಿಚ್ಚಿ ತೋರಿಸುವವರು. ಬೆಳಗಿನಿಂದ ಸಂಜೆವರೆಗೆ ಅವರ ಬಾಯಲ್ಲಿ ಒಂದೇ ವಿಮರ್ಶೆ: “ಚೆನ್ನಾಗಿದೆ ಮೇಡಂ, ನಿಮಗೆ ಒಪ್ಪುತ್ತೆ.” ದಿನಕ್ಕೆ ನಾನ್ನೂರು ಸಲ ಸುಳ್ಳು ಹೇಳುವ ಮನುಷ್ಯನಿಗೆ ತಿಂಗಳಿಗೊಂದು ಪುಟ ನಿಜ ಬೇಕಾಗುತ್ತದೆ. ಅಂಕಣ ಆ ಪುಟ.

ಈ ತಿಂಗಳು ಅವರು ಎದುರುಮನೆ ಮುತ್ತುರಾಜರ ಕಾದಂಬರಿ ಓದಿ, ‘ನೂರಾ ಹತ್ತನೇ ಪುಟದಲ್ಲಿ ನಾಯಕ ಕೆಮ್ಮಿದ. ಇವನು ಇನ್ನು ಸಾಯಲು ಮುನ್ನೂರು ಪುಟ ತೆಗೆದುಕೊಳ್ಳುತ್ತಾನೆಂದು ಹೊಳೆದು ಮುಚ್ಚಿಟ್ಟೆ’ ಎಂದು ಬರೆದರು. ಸಿನಿಮಾ ನೋಡಿ, ಥಿಯೇಟರಿನ ಏಸಿ ಚೆನ್ನಾಗಿತ್ತೆಂದರು. ಹೊಸ ಹಾಡು ಕೇಳಿ, ಪಕ್ಕದಲ್ಲಿ ಓಡುತ್ತಿದ್ದ ಮಿಕ್ಸಿಗೆ ಶ್ರುತಿಜ್ಞಾನ ಹೆಚ್ಚೆಂದರು. ಕೊನೆಗೆ, ‘ಉಂಡದ್ದು: ಒಂದು ಮನೆಯ ಸಾರು. ಮೊದಲ ತುತ್ತು ಹಿತ. ಕೊನೆಯ ತುತ್ತು ಕಹಿ. ಮೆಂತ್ಯ ಹಾಕಿದ ಕೈಗೆ ತಡೆಯುವ ಅಭ್ಯಾಸವಿಲ್ಲ.’

ಒಂದು ಮನೆಯೆಂದರೆ ಅವರದೇ ಮನೆ. ಸಾರು ಹೆಂಡತಿ ಹೇಮಶ್ರೀಯದು. ಬರೆಯಲು ಧೈರ್ಯ ಬಂದದ್ದು ಹೇಗೆಂದರೆ, ಒಂಬತ್ತು ವರ್ಷದಲ್ಲಿ ಆಕೆ ಅಂಕಣವನ್ನು ಒಮ್ಮೆಯೂ ಓದಿರಲಿಲ್ಲ. “ನೀವು ಮಾತಾಡೋದನ್ನ ಕೇಳಕ್ಕೇ ಟೈಮಿಲ್ಲ, ಬರ್ದಿದ್ದನ್ನ ಯಾವಾಗ ಓದ್ಲಿ?” ಎಂಬುದು ಆಕೆಯ ನಿಲುವು.

ಪತ್ರಿಕೆ ಹೊರಬಂದ ಭಾನುವಾರ ಭೀಮೇಶರು ಹಾಲು ತರಲು ಹೋದರು. ಮುತ್ತುರಾಜ್ ಬೂತಿನ ಮುಂದೆಯೇ ನಿಂತಿದ್ದರು, ಕೈಯಲ್ಲಿ ಪತ್ರಿಕೆ. ಭೀಮೇಶರು ನಾಯಕನ ಕೆಮ್ಮಿಗೆ ಕ್ಷಮೆ ಕೇಳಲು ಬಾಯಿ ತೆರೆದರು.

“ಅದು ಬಿಡಿ ಗುರುಗಳೇ,” ಎಂದರು ಮುತ್ತುರಾಜ್. “ನೂರಾ ಹತ್ತು ಪುಟ ಓದಿದೀರ. ನಮ್ಮನೆಯವಳು ಹನ್ನೆರಡು ದಾಟಿಲ್ಲ. ನಿಜ ಹೇಳಿ, ಆ ಸಾರು ನಮ್ಮನೇದು ತಾನೇ?”

“ಛೇ, ಅಲ್ಲಪ್ಪ.”

“ಪುಸ್ತಕ ಬಿಡುಗಡೆ ದಿನ ನಮ್ಮನೇಲೇ ಉಂಡ್ರಿ. ಕೊನೇ ತುತ್ತಿಗೆ ಮುಖ ಕಿವುಚಿದ್ರಿ. ನಾನೇ ನೋಡ್ದೆ.”

“ಅದು ನಿಮ್ಮ ಭಾಷಣ ನೆನೆಸ್ಕೊಂಡು.”

ಮುತ್ತುರಾಜ್ ಒಪ್ಪಲಿಲ್ಲ. ಹಾಲಿನ ಪ್ಯಾಕೆಟ್ಟಿನ ಸಮೇತ ಎಳೆದುಕೊಂಡು ಹೋಗಿ, ಅಡುಗೆಮನೆಯ ಕಟ್ಟೆಯ ಮುಂದೆ ನಿಲ್ಲಿಸಿ, ಒಂದು ಲೋಟ ಸಾರು ಕೊಟ್ಟರು. ಒಲೆಯ ಪಕ್ಕ ಹಳದಿ ಮುಚ್ಚಳದ ಡಬ್ಬಿಯ ಹಿಂದೆ ಅವರ ಹೆಂಡತಿ ಕೈಕಟ್ಟಿ ನಿಂತಿದ್ದರು, ಪರೀಕ್ಷಾ ಕೊಠಡಿಯ ಮೇಲ್ವಿಚಾರಕಿಯಂತೆ. ಭೀಮೇಶರು ಕುಡಿದರು. ಕೊನೆಯ ಗುಟುಕು ಕಹಿಯಿತ್ತು.

“ಚೆನ್ನಾಗಿದೆ ಮೇಡಂ,” ಎಂದರು. ಅಭ್ಯಾಸಬಲ.

ಮನೆಗೆ ಬಂದರೆ ಮೆಟ್ಟಿಲ ಮೇಲೆ ಭೀಮಬಾಯಿ ಕೂತಿದ್ದಳು. ಮಹಡಿಯ ಒಂಟಿ ಕೋಣೆಯ ಬಾಡಿಗೆದಾರಳು, ಕಲಬುರಗಿ ಕಡೆಯವಳು. ಗಂಡ ಪೀರಪ್ಪ ಗಾರೆ ಕೆಲಸ, ಈಕೆ ಕುಕ್ ಟೌನಿನ ಎರಡು ಬಂಗಲೆಗಳಲ್ಲಿ ಅಡುಗೆ. ಒಂದು ಕೈಯಲ್ಲಿ ಸಾರಿನ ಬೋಗುಣಿ, ಇನ್ನೊಂದರಲ್ಲಿ ಸಾಕ್ಷಿಗೆಂದು ಹಳದಿ ಮುಚ್ಚಳದ ಡಬ್ಬಿ.

“ಸರ್ರ, ಪೇಪರ್‍ದಾಗ ಬರ್ಕೊಂಡು ಕುಂತೀರಂತ್ರಿ ನನ್ ಸಾರಿನ ಮ್ಯಾಲ?”

“ನಿಂದಲ್ಲಮ್ಮ ಭೀಮಬಾಯಿ.”

“ಮತ್ ಯಾರ್ದ್ರಿ? ನಮ್ ಕಡಿ ಸಾರಿಗಿ ಹಿಂಗ ಮೆಂತ್ಯೆ ಹಾಕಂಗಿಲ್ರಿ. ಇಲ್ಲಿ ಬಂದ ಮ್ಯಾಲ ಕಲ್ತಿದ್ದು. ಬಂಗಲೆದ ಅಮ್ಮೋರ್ ಕಿವಿಗಿ ಬಿದ್ರ ನನ್ ಕೆಲ್ಸ ಹೋಗ್ತದ್ರಿ. ಕುಡ್ದು ಹೇಳ್ರಿ.”

ಕುಡಿದರು. ಹೇಳಿದರು. ಅದೂ ಚೆನ್ನಾಗಿತ್ತು, ಅದೂ ಕಹಿಯಿತ್ತು.

ಹತ್ತು ಗಂಟೆಗೆ ಮೂರನೇ ಮನೆಯ ಫಹ್ಮಿದಾ ಬಾಗಿಲಿಗೇ ಬಂದರು. “ಕ್ಯಾ ಭೀಮೇಶ್ ಭಾಯ್? ಹದಿನೈದು ವರ್ಷದಿಂದ ಹಬ್ಬ ಹಬ್ಬಕ್ಕೂ ಬಿರಿಯಾನಿ ಕಳಿಸ್ತೀನಿ, ಒಂದು ಲೈನ್ ಬರೀಲಿಲ್ಲ. ಮೊನ್ನೆ ಒಂದಿನ ಪ್ರೀತಿಯಿಂದ ಸಾರು ಕಳಿಸ್ದೆ, ಪೇಪರ್‌ಗೆ ಹಾಕ್ಬಿಟ್ರಾ?”

“ಅಲ್ಲಾ ಫಹ್ಮಿದಾ ಆಪಾ, ಆ ಸಾರು ನಿಮ್ದಲ್ಲ.”

“ಛೋಡೋ. ಲಾಸ್ಟ್‌ನಲ್ಲಿ ಕಡ್ವಾ ಆಗುತ್ತೆ ಅಂತ ನಂಗೇ ಗೊತ್ತು. ಲೀಜಿಯೆ, ಬೆಲ್ಲ ಹಾಕಿದೀನಿ, ಈಗ ನೋಡಿ.”

ನೋಡಿದರು. ಬೆಲ್ಲ ಹಾಕಿದ ಕಹಿ, ನಗುತ್ತಾ ಬೈದಂತೆ ಇತ್ತು. ಹೀಗೆ ಮಧ್ಯಾಹ್ನದೊಳಗೆ ಏಳು ಮನೆಯ ಸಾರು ಅವರ ಹೊಟ್ಟೆ ಸೇರಿ, ಗಿರಾಕಿ ಬೇಡವೆಂದು ಎದ್ದುಹೋದ ಮೇಲೆ ಉಳಿದ ಸೀರೆಗಳ ಗುಡ್ಡೆಯಂತೆ ಅವರು ಸೋಫಾದ ಮೇಲೆ ಬಿದ್ದುಕೊಂಡರು. ಒಂದು ಅವರಿಗೆ ಅರ್ಥವಾಗಲಿಲ್ಲ. ಬೈದದ್ದು ಒಂದು ಸಾರನ್ನು. ಏಳು ಸಾರುಗಳು ಹೇಗೆ ತಪ್ಪೊಪ್ಪಿಕೊಂಡವು?

ಅಷ್ಟರಲ್ಲಿ ಹೇಮಶ್ರೀ ಕನ್ನಡಕ ಹಾಕಿಕೊಂಡು ಎದುರಿಗೆ ಬಂದು ಕೂತಳು. ಕೈಯಲ್ಲಿ ಕೊನೆಯ ಪುಟ. ಒಂಬತ್ತು ವರ್ಷದಲ್ಲಿ ಮೊದಲ ಬಾರಿ.

“ಯಾರ ಮನೇದು ರೀ ಇದು?”

“ಹೆಸರು ಹೇಳ್ಬಾರ್ದು ಕಣೇ. ವಿಮರ್ಶೆಯ ಧರ್ಮ.”

“ಯಾರದಾದ್ರೂ ಆಗ್ಲಿ, ಹೀಗೆ ಬರೀಬಾರ್ದಿತ್ತು. ನನ್ನ ಸಾರಿಗೆ ಯಾರಾದ್ರೂ ಹಿಂಗೆ ಬರ್ದಿದ್ರೆ, ಆಣೆಗೂ ನಾನು ಮತ್ತೆ ಒಲೆ ಮೇಲೆ ಸಾರು ಇಡ್ತಿರ್ಲಿಲ್ಲ.” ಕನ್ನಡಕದ ಮೇಲಿಂದ ನೋಡಿದಳು. “ಊಟಕ್ಕೆ ಏಳಿ. ಸಾರಿದೆ.”

ಎಂಟನೆಯದು. ಉಂಡರು. ಮುಖ ಕಿವುಚದಂತೆ ನುಂಗುವುದಕ್ಕೆ ಇಪ್ಪತ್ತಾರು ವರ್ಷದ ವೃತ್ತಿಪರಿಣತಿಯೆಲ್ಲ ಬೇಕಾಯಿತು.

ಸಂಜೆ ಐದಕ್ಕೆ ಸಂಘದ ತುರ್ತು ಸಭೆ. ಅಧ್ಯಕ್ಷ ಮುನಿಆಂಜನಪ್ಪನವರ ಮನೆಯ ತಾರಸಿಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು. ಮಧ್ಯದ ಮರದ ಕುರ್ಚಿಯಲ್ಲಿ ಅವರ ತಾಯಿ ದೊಡ್ಡಮುನಿಯಮ್ಮ, ಎಂಬತ್ತೆರಡು ವರ್ಷ. ರಸ್ತೆಯ ಅರ್ಧ ಮಕ್ಕಳಿಗೆ ಎಣ್ಣೆ ನೀರೆರೆದ ಅಜ್ಜಿ. ಆಕೆಯ ಎದುರು ಯಾರೂ ಕಾಲ ಮೇಲೆ ಕಾಲು ಹಾಕುವುದಿಲ್ಲ. ಮೊಣಕಾಲಿನ ನೋವಿನ ನಡುವೆಯೂ ಆಕೆ ಮೆಟ್ಟಿಲು ಹತ್ತಿ ಬಂದಿದ್ದಳೆಂದರೆ ವಿಷಯದ ತೂಕ ತಿಳಿಯಬಹುದು.

“ಹೆಸರು ಹೇಳ್ಬೇಕು ಸಾರ್,” ಎಂದರು ಮುನಿಆಂಜನಪ್ಪ. “ಹನ್ನೊಂದು ಮನೆ ಹೆಂಗಸ್ರು ಬೆಳಗ್ಗೆಯಿಂದ ಒಬ್ರ ಮುಖ ಒಬ್ರು ನೋಡ್ತಿಲ್ಲ. ಹೇಳ್ದಿದ್ರೆ ಅಂಕಣ ನಿಲ್ಲಿಸ್ಬೇಕಾಗುತ್ತೆ.”

ಭೀಮೇಶರು ಸುತ್ತ ನೋಡಿದರು. ನಿಜ ಹೇಳಿದರೆ ಹೆಂಡತಿ ಹೋದಳು, ಬೇರೆ ಹೆಸರು ಹೇಳಿದರೆ ನೆರೆಮನೆ ಹೋಯಿತು, ಸುಮ್ಮನಿದ್ದರೆ ಅಂಕಣ ಹೋಯಿತು. ದಣಿದ ತಲೆಗೆ ಒಂದೇ ದಾರಿ ಕಂಡಿತು.

“ನಂದೇ,” ಎಂದರು.

“ಏನ್ ನಿಮ್ದೇ?”

“ಸಾರು. ನಾನೇ ಮಾಡಿದ್ದು. ಹೇಮಶ್ರೀ ಕೆ.ಆರ್. ಪುರಕ್ಕೆ ತವರಿಗೆ ಹೋದ ದಿನ.”

ತಾರಸಿ ಕುರ್ಚಿಗಳೆಲ್ಲ ಕಿರುಗುಟ್ಟುವಂತೆ ನಕ್ಕಿತು. ಫಹ್ಮಿದಾ ಭೀಮಬಾಯಿಯ ಹೆಗಲಿಗೆ ಹೊಡೆದು ನಕ್ಕರು. “ತನ್ನ ಸಾರನ್ನ ತಾನೇ ಬೈಕೊಳ್ಳೋದು! ಇದು ಕಣ್ರೀ ಪ್ರಾಮಾಣಿಕತೆ,” ಎಂದರು ಮುತ್ತುರಾಜ್. ಹೇಮಶ್ರೀ ಮಾತ್ರ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಗಂಡನನ್ನೇ ನೋಡುತ್ತಿದ್ದಳು. ಭೀಮೇಶರಿಗೆ ಬೆಳಗಿನಿಂದ ಮೊದಲ ಬಾರಿ ಹೊಟ್ಟೆ ಹಗುರಾಯಿತು.

“ಲೇ ಭೀಮೇಶ,” ಎಂದಳು ದೊಡ್ಡಮುನಿಯಮ್ಮ. “ಮೆಂತ್ಯ ನೀನೇ ಹುರಿದು ಹಾಕ್ದಾ?”

“ಇಲ್ಲಜ್ಜಿ, ನನಗೆಲ್ಲಿ ಬರುತ್ತೆ ಹುರಿಯೋದು? ಮನೇಲಿದ್ದ ಪುಡಿ ಹಾಕ್ದೆ.”

“ಯಾವ ಪುಡಿ?”

“ಅದೇ, ಒಲೆ ಪಕ್ಕ ಇರುತ್ತಲ್ಲ. ಹಳದಿ ಮುಚ್ಚಳದ ಡಬ್ಬಿ.”

ನಗು ನಿಂತಿತು. ಹೊರಟು ನಿಂತಿದ್ದವರು ಮತ್ತೆ ಕೂತರು. ಭೀಮಬಾಯಿ ನೆಲ ನೋಡಿದಳು. ಆಗ ಭೀಮೇಶರ ಕಣ್ಣ ಮುಂದೆ ಬೆಳಗಿನ ಸಾರುಗಳೆಲ್ಲ ಸಾಲಾಗಿ ಬಂದು ನಿಂತವು. ಎಲ್ಲದರ ಹಿಂದೆಯೂ ಅದೇ ಡಬ್ಬಿ. ಪ್ರತಿವರ್ಷ ಯುಗಾದಿಗೆ ಮುಂಚೆ ದೊಡ್ಡಮುನಿಯಮ್ಮ ತನ್ನ ಕೈಯಾರೆ ಸಾರಿನ ಪುಡಿ ಮಾಡಿ, ಹನ್ನೊಂದು ಮನೆಗೂ ಹಂಚುತ್ತಾಳೆ. ತೆಗೆದುಕೊಳ್ಳದವರಿಲ್ಲ. ಕಹಿಯೆಂದವರೂ ಇಲ್ಲ.

“ನನ್ ಪುಡಿ ಕಹಿನಾ?” ಎಂದಳು ಅಜ್ಜಿ, ಎಲ್ಲರ ಕಡೆ ತಿರುಗಿ. ಸ್ವರದಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟ.

“ಅಯ್ಯೋ, ಎಲ್ಲಾದ್ರೂ ಉಂಟಾ!” “ನಮ್ಮನೇಲಿ ಯಾವತ್ತೂ ಕಹಿ ಆಗಿಲ್ಲಜ್ಜಿ!” “ಮಸ್ತ್ ಇರ್ತದ್ರಿ ಅಮ್ಮ!” “ಬಿಲ್‌ಕುಲ್ ಇಲ್ಲ ದಾದಿಮಾ, ಕಡ್ವಾ ಅಂದ್ರೇನು ಅಂತಾನೇ ಗೊತ್ತಿಲ್ಲ ನಮ್ಗೆ!” ಬೆಳಗ್ಗೆ ಲೋಟ ಹಿಡಿದು ಕಹಿಯೊಪ್ಪಿಕೊಂಡ ಬಾಯಿಗಳೇ ಒಕ್ಕೊರಲಿನಿಂದ ಸಾಕ್ಷಿ ಹೇಳಿದವು.

ಅಜ್ಜಿಯ ಮುಖ ಮೆಲ್ಲಗೆ ಅರಳಿತು. “ಅದೇ ಅನ್ಕೊಂಡೆ. ಪುಡೀದೇನೂ ತಪ್ಪಿಲ್ಲ. ಗಂಡಸು, ಅಳತೆ ಗೊತ್ತಿಲ್ಲ, ಪಾಪ. ನಾಳೆಯಿಂದ ದಿನಾ ಬೆಳಗ್ಗೆ ಆರಕ್ಕೆ ಬಾರಪ್ಪ, ಕೂರಿಸ್ಕೊಂಡು ಕಲಿಸ್ತೀನಿ.” ಸಭೆ ಚಪ್ಪಾಳೆ ತಟ್ಟಿತು. ಅಭ್ಯಾಸಕ್ಕಿರಲೆಂದು ಆಕೆ ಒಳಗಿನಿಂದ ಎರಡು ಡಬ್ಬಿ ತರಿಸಿ ಅವರ ತೊಡೆಯ ಮೇಲಿಟ್ಟಳು.

ದಾರಿಯಲ್ಲಿ ಹೇಮಶ್ರೀ ಹೂವಿನವಳ ಅಂಗಡಿವರೆಗೆ ಮುಂದೆ ಮುಂದೆ ನಡೆದಳು. ಅಲ್ಲಿ ನಿಂತಳು.

“ನಾನು ತವರಿಗೆ ಹೋಗಿ ವರ್ಷ ಆಯ್ತಲ್ಲ ರೀ.”

ಭೀಮೇಶರು ಡಬ್ಬಿಗಳನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು.

“ಮೆಂತ್ಯ ಜಾಸ್ತಿ ಅಂತ ನಂಗೆ ಗೊತ್ತಿಲ್ವಾ? ಮುದುಕಿ ಮನಸ್ಸು ನೋಯುತ್ತೆ ಅಂತ ಇಪ್ಪತ್ತು ವರ್ಷ ಸುಮ್ನೆ ತಿಂದೆ. ನಿಮಗೆ ಒಂದು ತಿಂಗಳು ಸುಮ್ನಿರಕ್ಕೆ ಆಗ್ಲಿಲ್ಲ.” ಎರಡು ಮೊಳ ಮಲ್ಲಿಗೆ ತೆಗೆದುಕೊಂಡಳು. “ಇರ್ಲಿ ಬಿಡಿ. ಸಾರು ಮಾಡಕ್ಕೆ ನಿಮಗೇ ಬರುತ್ತಂತಲ್ಲ. ಊರಿಗೆಲ್ಲ ಹೇಳಿದೀರ.”

ಮುಂದಿನ ತಿಂಗಳ ಅಂಕಣದಲ್ಲಿ ಪುಸ್ತಕ, ಸಿನಿಮಾ, ಹಾಡು ಯಾವುದೂ ಇರಲಿಲ್ಲ. ಓದಲು, ನೋಡಲು, ಕೇಳಲು ಪುರುಸೊತ್ತಾಗಲಿಲ್ಲ. ‘ಉಂಡದ್ದು: ಸಾರು. ಚೆನ್ನಾಗಿದೆ’ ಎಂದಷ್ಟೇ ಇತ್ತು.

ಆ ಮನೆಯಲ್ಲಿ ಈಗ ಸಾರು ಮಾಡುವವರು ಭೀಮೇಶರು. ಕೊನೆಯ ತುತ್ತು ಕಹಿ.